‘ನಮ್ಮನೆ ಜಗಲಿ’ಯಲ್ಲಿ ಒಂದು ಫಾರ್ವರ್ಡ್

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನ ಹೆಸರು ‘ನಮ್ಮನೆ ಜಗಲಿ’. 38 ಜನ ಇದ್ದೇವೆ. ನಾನು ಅಡ್ಮಿನ್. ಅಂದರೆ ಯಾರು ಜಗಳ ಆಡಿದರೂ ಮೊದಲು ಬೈಸಿಕೊಳ್ಳುವವನು. ಮಳೆಗಾಲದಲ್ಲಿ ಗುಂಪಿಗೆ ಜೋರು. ಅಡಿಕೆಗೆ ಮದ್ದು ಹೊಡೆಯಲು ಮಳೆ ಬಿಡುವುದಿಲ್ಲ. ಕರೆಂಟು ಇದ್ದಾಗ ಫೋನು ಚಾರ್ಜ್ ಮಾಡಿಕೊಂಡು ಎಲ್ಲರೂ ಮನೆಯಲ್ಲೇ ಕೂತಿರುತ್ತಾರೆ.

ಕಳೆದ ಭಾನುವಾರ ಬೆಳಿಗ್ಗೆ 7:12ಕ್ಕೆ ಹೊಸನಗರದ ಚಿಕ್ಕಪ್ಪ ಇದನ್ನು ಹಾಕಿದರು:

“ಎಚ್ಚರ ಎಚ್ಚರ! ಮದುವೆ ಮನೆಯಲ್ಲಿ ಸಿನಿಮಾ ಹಾಡು ಹಾಕಿದರೆ 3 ವರ್ಷ ಜೈಲು!! ಅಮೆರಿಕದಲ್ಲಿ ಇದಕ್ಕೆಂದೇ ‘ಮನರಂಜನಾ ಕಾನೂನು’ ಎಂಬ ದೊಡ್ಡ ಡಿಗ್ರಿ ಇದೆ. ಓದಿ ಬಂದ ವಕೀಲರು ಒಂದೊಂದು ಹಾಡಿಗೂ ಕಮಿಷನ್ ಎಣಿಸುತ್ತಾರೆ. ನಿಮ್ಮವರನ್ನು ಉಳಿಸಿ. ಎಲ್ಲ ಗುಂಪಿಗೂ ಕಳಿಸಿ.”

ಚಿಕ್ಕಪ್ಪ ಇದನ್ನು ಯಾಕೆ ಹಾಕಿದರು ಎಂದು ನನಗೆ ಗೊತ್ತಿತ್ತು. ಸಾಗರದತ್ತೆಯ ಮಗಳ ಮದುವೆ ಮಾಘದಲ್ಲಿ ಶಿವಮೊಗ್ಗದಲ್ಲಿದೆ. ಅದು ನೆಪ. ಅಸಲು ವಿಷಯ ಚಿಕ್ಕಪ್ಪನ ಮಗಳು ಪುಟ್ಟಿಯದ್ದು. ಎಲ್‌ಎಲ್‌ಬಿ ಮುಗಿಸಿದ್ದಾಳೆ. ಲಾಸ್ ಏಂಜಲೀಸಿಗೆ ಹೋಗಿ ಇದೇ ಮನರಂಜನಾ ಕಾನೂನಿನಲ್ಲಿ ಸ್ನಾತಕೋತ್ತರ ಪದವಿಯಾದ ಎಲ್‌ಎಲ್‌ಎಂ ಮಾಡುತ್ತೇನೆ ಎಂದು ಎರಡು ತಿಂಗಳಿಂದ ಹೇಳುತ್ತಿದ್ದಾಳೆ. ಮಗಳಿಗೆ ಎದುರೆದುರು ಬೇಡ ಎನ್ನಲು ಚಿಕ್ಕಪ್ಪನಿಗೆ ಧೈರ್ಯವಿಲ್ಲ. ಒಂದೇ ದೋಟಿಗೆ ಎರಡು ಕೊನೆ ಇಳಿಸುವ ಹಾಗೆ ಗುಂಪಿಗೆ ಹಾಕಿದರು.

ಮೊದಲು ಗಾಬರಿಯಾದವರು ಸಾಗರದತ್ತೆ. “ಅಯ್ಯೋ, ಮೈಕ್ ಸೆಟ್ಟಿನವನಿಗೆ ಅಡ್ವಾನ್ಸ್ ಕೊಟ್ಟಾಗಿದೆ. ಈಗ ವಾಪಸ್ ಕೊಡುತ್ತಾನಾ?”

ಭದ್ರಾವತಿ ಭಾವ: “ಮೂಲ?”

ಭಾವ ಬರೆಯುವುದೇ ಇಷ್ಟು. ಯುಗಾದಿ ಯಾವ ದಿನ ಎಂದು ಯಾರಾದರೂ ಹಾಕಿದರೂ “ಮೂಲ?” ಎನ್ನುತ್ತಾರೆ.

ಚಿಕ್ಕಪ್ಪ: “ಶಿವಮೊಗ್ಗದ ಒಬ್ಬರು ದೊಡ್ಡ ವಕೀಲರು ಕಳಿಸಿದ್ದು.”

ಭಾವ: “ಹೆಸರು?”

ಚಿಕ್ಕಪ್ಪ: “ನಿನ್ನ ಹತ್ತಿರ ಲೆಕ್ಕ ಒಪ್ಪಿಸಲು ನಾನೇನು ನಿನ್ನ ಫ್ಯಾಕ್ಟರಿ ಗುಮಾಸ್ತನಾ?”

ಅಷ್ಟರಲ್ಲಿ ದೊಡ್ಡಪ್ಪ ಎದ್ದರು. ಅವರದ್ದು ಯಾವಾಗಲೂ ಧ್ವನಿ ಸಂದೇಶ. ಹಿಂದೆ ಹಂಚಿನ ಮೇಲೆ ಮಳೆ ಬೀಳುವ ಸದ್ದು. ಎರಡೂವರೆ ನಿಮಿಷದಲ್ಲಿ ಹೇಳಿದ್ದಿಷ್ಟು: ಕಲೆ ದೇವರು ಕೊಟ್ಟದ್ದು, ಅದಕ್ಕೆ ಬೇಲಿ ಹಾಕುವುದು ತಪ್ಪು. ಹಿಂದೆ ಯಾರೂ ಹಾಡಿಗೆ ಹಕ್ಕು ಕೇಳಲಿಲ್ಲ. ಈಗಿನವರಿಗೆ ದುಡ್ಡೇ ದೊಡ್ಡಪ್ಪ. ಕೊನೆಯ ಮಾತು ಹೇಳುವಾಗ ತಾವೇ ನಕ್ಕರು.

ಪುಟ್ಟಿ ಎದ್ದಿದ್ದು 8:40ಕ್ಕೆ. ಅವಳು ಬರೆದದ್ದನ್ನು ಇಲ್ಲಿ ಪೂರ್ತಿ ಹಾಕುತ್ತೇನೆ. ಗುಂಪಿನಲ್ಲಂತೂ ಯಾರೂ ಪೂರ್ತಿ ಓದಲಿಲ್ಲ.

“ಅಪ್ಪಾ, ಅತ್ತೆ, ಗಾಬರಿ ಬೇಡ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಬೇರೆಯವರ ಹಕ್ಕನ್ನು ಗೊತ್ತಿದ್ದೂ ಕದ್ದರೆ 6 ತಿಂಗಳಿಂದ 3 ವರ್ಷದವರೆಗೆ ಜೈಲು ಇರುವುದು ಹೌದು. ಆದರೆ ಅದೇ ಕಾಯ್ದೆಯ 52ನೇ ಕಲಮಿನಲ್ಲಿ ಯಾವುದು ತಪ್ಪಲ್ಲ ಎಂಬ ಪಟ್ಟಿ ಇದೆ. ಧಾರ್ಮಿಕ ಸಮಾರಂಭದಲ್ಲಿ ಹಾಡು ಹಾಕಿದರೆ ತಪ್ಪಲ್ಲ. ಮದುವೆ ದಿಬ್ಬಣ, ಮದುವೆಗೆ ಸೇರಿದ ಬೇರೆ ಸಂಭ್ರಮಗಳೂ ಅದರಲ್ಲಿ ಬರುತ್ತವೆ ಎಂದು ಬಿಡಿಸಿ ಬರೆದಿದ್ದಾರೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದನ್ನೇ ನೆನಪಿಸಿ ಒಂದು ಪ್ರಕಟಣೆ ಕೊಟ್ಟಿದೆ. ಗೋವಾ ಸರ್ಕಾರ ಇಂಥದ್ದೇ ಒಂದು ಸುತ್ತೋಲೆ ಹೊರಡಿಸಿದಾಗ ಮಾತ್ರ ಬಾಂಬೆ ಹೈಕೋರ್ಟು 2024ರಲ್ಲಿ ಅದನ್ನು ರದ್ದು ಮಾಡಿತು. ಅಂದರೆ ಹೋಟೆಲಿನ ದೊಡ್ಡ ಮದುವೆ ಪಾರ್ಟಿಗಳ ವಿಷಯದಲ್ಲಿ ಜಗಳ ಇನ್ನೂ ಇದೆ. ನಮ್ಮ ಧಾರೆ, ದಿಬ್ಬಣಕ್ಕೆ ಏನೂ ಆಗುವುದಿಲ್ಲ. ಮತ್ತೆ, ಹಾಡು ಬಳಸಿದ್ದಕ್ಕೆ ಕೊಡುವ ಪಾಲು, ಅಂದರೆ ರಾಯಲ್ಟಿ, ವಕೀಲರಿಗೆ ಹೋಗುವುದಲ್ಲ. ಹಾಡು ಬರೆದವರು, ರಾಗ ಹಾಕಿದವರು ತಮ್ಮ ಪಾಲು ಬಿಟ್ಟುಕೊಟ್ಟೆವು ಎಂದು ಬರೆಸಿಕೊಂಡರೂ ನಡೆಯದ ಹಾಗೆ 2012ರಲ್ಲಿ ತಿದ್ದುಪಡಿ ಆಗಿದೆ.”

ಜೊತೆಗೆ ಕಾಯ್ದೆಯ ಪಿಡಿಎಫ್ ಹಾಕಿದಳು. ಇಪ್ಪತ್ತು ಸೆಕೆಂಡಿಗೆ ಭಾವನ ಉತ್ತರ ಬಂತು: “ಓದಿದೆ. ಇದರಲ್ಲಿ ಮದುವೆ ಎಂಬ ಮಾತೇ ಇಲ್ಲ.”

ಪುಟ್ಟಿ: “ಭಾವ, ಮೊದಲ ಪುಟದಲ್ಲಿ ಇರುವುದಿಲ್ಲ.”

ಅತ್ತೆ: “ಹಾಗಾದರೆ ಮೈಕ್ ಸೆಟ್ಟಿನವನಿಗೆ ಏನು ಹೇಳಲಿ?”

ಚಿಕ್ಕಪ್ಪ ಈಗ ನೇರ ವಿಷಯಕ್ಕೆ ಬಂದರು. “ಇಷ್ಟು ಹೇಳಲು ಒಂದು ಕಲಮು ಸಾಕಾಯಿತಲ್ಲ. ಅದಕ್ಕೆ ಅಮೆರಿಕ ಯಾಕೆ? ಎಲ್‌ಎಲ್‌ಎಂ ಇಲ್ಲದೆ ಕೋರ್ಟಿಗೆ ಹೋಗುವಂತಿಲ್ಲವಾ?”

ನಿಜ ಹೇಳಬೇಕೆಂದರೆ ಈ ಪ್ರಶ್ನೆ ನನಗೂ ಇತ್ತು. ಕೋರ್ಟಿನಲ್ಲಿ ನಿಲ್ಲಲು ಎಲ್‌ಎಲ್‌ಬಿ, ಸನ್ನದು ಸಾಕು. ಎಲ್‌ಎಲ್‌ಎಂ ಬೆಂಗಳೂರಿನ ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲಿನಲ್ಲೂ ಒಂದು ವರ್ಷದ್ದೇ. ಕ್ಲಾಟ್ ಎಂಬ ಪ್ರವೇಶ ಪರೀಕ್ಷೆ ಬರೆದರೆ ಆಯಿತು, ಬಸ್ಸಿನಲ್ಲಿ ರಾತ್ರಿ ಹತ್ತಿ ಬೆಳಿಗ್ಗೆ ಇಳಿಯಬಹುದು. ಪುಟ್ಟಿ ಹೇಳಿದ್ದು ಬೇರೆ. ಲಾಸ್ ಏಂಜಲೀಸಿನ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಎಲ್‌ಎಲ್‌ಎಂ ಮಾಡುವವರು ಮಾಧ್ಯಮ, ಮನರಂಜನೆ ಕಾನೂನನ್ನೇ ಆರಿಸಿಕೊಂಡು ಓದಬಹುದು. ಹಾಲಿವುಡ್ ಪಕ್ಕದಲ್ಲೇ ಇದೆ. ಈ ಕೆಲಸದಲ್ಲಿ ಕೋರ್ಟು ಕಡಿಮೆ, ಕರಾರು ಜಾಸ್ತಿ.

“ದೊಡ್ಡಪ್ಪ, ಜಮೀನು ಕೊಳ್ಳುವಾಗ ಹಿಂದಿನ ವ್ಯವಹಾರ ತಿಳಿಯಲು ಇಸಿ ತೆಗೆಸುತ್ತೀರಲ್ಲ, ಪಹಣಿ ನೋಡುತ್ತೀರಲ್ಲ, ಸಿನಿಮಾಕ್ಕೂ ಹಾಗೆಯೇ,” ಎಂದು ಬರೆದಳು. “ಕತೆ ಯಾರದ್ದು, ಅವರಿಂದ ಯಾರಿಗೆ ಬಂತು, ರಿಮೇಕ್ ಯಾರಿಗೆ ಕೊಟ್ಟರು, ಡಬ್ಬಿಂಗ್ ಯಾರಿಗೆ, ಓಟಿಟಿ ಯಾರಿಗೆ. ನಡುವೆ ಒಂದು ಕಾಗದ ಇಲ್ಲದಿದ್ದರೆ ಸಿನಿಮಾ ಡಬ್ಬದಲ್ಲೇ ಉಳಿಯುತ್ತದೆ. ಹಕ್ಕು ಕೊಟ್ಟ ಕಾಗದದಲ್ಲಿ ಎಷ್ಟು ವರ್ಷ ಎಂದು ಬರೆಯದಿದ್ದರೆ ನಮ್ಮ ಕಾಯ್ದೆ ಪ್ರಕಾರ 5 ವರ್ಷ ಮಾತ್ರ. ಯಾವ ಊರಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ.”

ಈ ಇಸಿ ಮಾತು ದೊಡ್ಡಪ್ಪನಿಗೆ ತಟ್ಟಿತು ಅನಿಸುತ್ತದೆ. ಹತ್ತು ನಿಮಿಷ ಏನೂ ಹೇಳಲಿಲ್ಲ. ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಪುಟ್ಟಿ ಉತ್ಸಾಹದಲ್ಲಿ ಕ್ಯಾಲಿಫೋರ್ನಿಯಾದ ಏಳು ವರ್ಷದ ನಿಯಮವನ್ನೂ ತಂದಳು. ಒಲಿವಿಯಾ ಡಿ ಹ್ಯಾವಿಲೆಂಡ್ ಎಂಬ ನಟಿ ವಾರ್ನರ್ ಬ್ರದರ್ಸ್ ಕಂಪನಿಯ ವಿರುದ್ಧ 1944ರಲ್ಲಿ ಗೆದ್ದ ಕೇಸು. ಅವರು ಪಾತ್ರ ಬೇಡ ಎಂದಾಗಲೆಲ್ಲ ಕಂಪನಿ ಕೆಲಸವಿಲ್ಲದ ಆ ದಿನಗಳನ್ನು ಕರಾರಿಗೆ ಸೇರಿಸುತ್ತಿತ್ತು. ಕೋರ್ಟು, ಕ್ಯಾಲೆಂಡರ್ ಲೆಕ್ಕದಲ್ಲಿ ಏಳು ವರ್ಷ ಆದ ಮೇಲೆ ಯಾರನ್ನೂ ದುಡಿಸಿಕೊಳ್ಳಲು ಕಟ್ಟಿಹಾಕುವಂತಿಲ್ಲ ಎಂದಿತು.

ಅತ್ತೆ: “ಏಳೇ ವರ್ಷವಾ? ನಾನು ಈ ಮನೆಗೆ ಬಂದು 31 ಆಯಿತು.”

ಇದಕ್ಕೆ ಹದಿನೇಳು ನಗುವ ಮುಖ ಬಿದ್ದವು. ಮಾವ ಮಾತ್ರ ಹಾಕಲಿಲ್ಲ.

ದೊಡ್ಡಪ್ಪ ಮತ್ತೆ ಬಂದರು. “ಅದೆಲ್ಲ ಅಮೆರಿಕದ ಕತೆ. ನಮ್ಮ ಯಕ್ಷಗಾನದಲ್ಲಿ ಯಾರಾದರೂ ಹಕ್ಕು ಎಂದು ಕೋರ್ಟಿಗೆ ಹೋಗಿದ್ದಾರಾ?”

ಪುಟ್ಟಿ ಇದಕ್ಕೇ ಕಾಯುತ್ತಿದ್ದಳೋ ಏನೋ. ಹೋಗಿದ್ದಾರೆ, ಸುಪ್ರೀಂ ಕೋರ್ಟಿನವರೆಗೂ, ಎಂದಳು. ಶಿವರಾಮ ಕಾರಂತರು ಯಕ್ಷಗಾನದಿಂದ ಬೇರೆಯದೇ ಆದ ಬ್ಯಾಲೆ ರೂಪ ಮಾಡಿದರು. ಅವರು 1994ರಲ್ಲಿ ಬರೆದ ಉಯಿಲಿನ ಮೇಲೆ ಆ ಹಕ್ಕು ಒಬ್ಬರಿಗೆ ಹೋಯಿತು. ಕಾರಂತರು 1997ರಲ್ಲಿ ತೀರಿಕೊಂಡರು. 2001ರಲ್ಲಿ ಮಣಿಪಾಲದ ಸಂಸ್ಥೆ ದೆಹಲಿಯಲ್ಲಿ ಆ ರೂಪದಲ್ಲಿ ಪ್ರಸಂಗ ಆಡಿಸಿದಾಗ ಕೇಸು ಬಿತ್ತು. 2009ರಲ್ಲಿ ಸುಪ್ರೀಂ ಕೋರ್ಟು ಉಯಿಲು ಪಡೆದವರ ಹಕ್ಕನ್ನು ಎತ್ತಿಹಿಡಿಯಿತು. ಜೊತೆಗೆ, 52ನೇ ಕಲಮು ಬಿಟ್ಟುಕೊಟ್ಟಿರುವ ಕಡೆ, ಉದಾಹರಣೆಗೆ ಶಾಲೆ ಕಾಲೇಜಿನಲ್ಲಿ ಪಾಠದ ಭಾಗವಾಗಿ, ಆಡಲು ಅಡ್ಡಿಯಿಲ್ಲ ಎಂದಿತು. “ಯಕ್ಷಗಾನ ಯಾರದ್ದೂ ಅಲ್ಲ ದೊಡ್ಡಪ್ಪ. ಕಾರಂತರು ಹೊಸದಾಗಿ ಕಟ್ಟಿದ್ದು ಮಾತ್ರ ಕಾರಂತರದ್ದು.”

ನನ್ನ ಪ್ರಕಾರ ಆ ದಿನ ಗುಂಪಿನಲ್ಲಿ ಬಂದ ಒಳ್ಳೆಯ ಮಾತು ಇದೊಂದೇ. ದೊಡ್ಡಪ್ಪನ ಉತ್ತರ: “ಕಾರಂತರ ವಿಷಯ ನನಗೆ ಹೇಳಬೇಡ. ನಾನು ಅವರನ್ನು ಕಣ್ಣಾರೆ ನೋಡಿದವನು.”

ಭಾವ: “ಎಲ್ಲಿ? ಯಾವ ಇಸವಿ?”

ಯಕ್ಷಗಾನ ಎಂದ ಕೂಡಲೇ ಬೆಂಗಳೂರಿನ ಗುರಣ್ಣ ಹಾಜರು. ಊರು ಬಿಟ್ಟು ಮೂವತ್ತು ವರ್ಷವಾದರೂ ನಮಗೆಲ್ಲ ಊರಿನ ನೆನಪು ಮಾಡಿಕೊಡುವವನು ಅವನೇ. ಬಯಲಾಟಕ್ಕೆ ಚಾಪೆ ಹೊತ್ತು ಗುಡ್ಡ ಹತ್ತಿದ್ದು, ಬೆಳಗಿನ ಜಾವ ಚಂಡೆ ಸದ್ದಿಗೆ ಬೆಚ್ಚಿ ಎದ್ದಿದ್ದು ಎಲ್ಲ ಬಂತು. ಅಲ್ಲಿಂದ 1988ಕ್ಕೆ ಜಾರಿದ. “ನಮ್ಮ ಮನೆಯಲ್ಲಿ ಸಿನಿಮಾ ಶೂಟಿಂಗ್ ಆಗಿದ್ದು ನೆನಪಿದೆಯಾ? ಹೀರೋಯಿನ್‌ಗೆ ಉಂಬಳ ಕಚ್ಚಿ ಕೂಗಾಡಿದ್ದು, ಅಜ್ಜಿ ಸುಣ್ಣ ಹಚ್ಚಿದ್ದು? ನಾನೂ ಕೊಟ್ಟಿಗೆ ಹತ್ತಿರ ನಿಂತಿದ್ದೆ. ಪುಟ್ಟಿ, ನನಗೆ ರಾಯಲ್ಟಿ ಬರಬೇಕಲ್ವಾ?”

ಪುಟ್ಟಿ: “ಗುರಣ್ಣ, ನಟರ ಹಕ್ಕು ಕಾಯ್ದೆಗೆ ಸೇರಿದ್ದೇ 1994ರ ತಿದ್ದುಪಡಿಯಲ್ಲಿ. ಅಲ್ಲದೆ, ತೆರೆ ಮೇಲೆ ಹೆಸರು ಬರದೆ ಸುಮ್ನೆ ಹಿಂದೆ ನಿಂತವರು ಅದರಲ್ಲಿ ಬರುವುದಿಲ್ಲ.”

ಚಿಕ್ಕಪ್ಪ: “ಗುರುವಿನ ರಾಯಲ್ಟಿ ಇರಲಿ. ಆ ಶೂಟಿಂಗ್ ದುಡ್ಡು ಎಲ್ಲಿ ಹೋಯಿತು ಎಂದು ಇವತ್ತಿಗೂ ನನಗೆ ಯಾರೂ ಹೇಳಿಲ್ಲ.”

ಆಮೇಲೆ ಮದುವೆ, ಅಮೆರಿಕ, ಮೈಕ್ ಸೆಟ್ಟು ಎಲ್ಲ ಮರೆತುಹೋಯಿತು.

ದೊಡ್ಡಪ್ಪ ಜೀವಮಾನದಲ್ಲಿ ಮೊದಲ ಬಾರಿ ಟೈಪ್ ಮಾಡಿದರು: “ನಾನು ತಗೊಂಡೆ ಅಂತಲಾ”

ಚಿಕ್ಕಪ್ಪ: “ನಾನು ಹಾಗೆ ಹೇಳಲಿಲ್ಲ. ಪಂಪ್‌ಸೆಟ್ ಬಂದಿದ್ದು ಆ ವರ್ಷವೇ ಎಂದಷ್ಟೇ ಹೇಳುತ್ತೇನೆ.”

ದೊಡ್ಡಪ್ಪ: “ಪಂಪ್‌ಸೆಟ್ ಸೊಸೈಟಿ ಸಾಲ. ನಿನ್ನ ಹಾಸ್ಟೆಲ್ ಫೀಸು ಯಾರು ಕಟ್ಟಿದ್ದು”

ಅತ್ತೆ: “ನನಗೆ ಆಗ ಒಂದು ಸೀರೆ ಕೊಡಿಸುತ್ತೇವೆ ಎಂದಿದ್ದಿರಿ.”

ಭಾವ: “ಸೊಸೈಟಿ ರಸೀದಿ ಇದೆಯಾ?”

ಗುಂಪಿಗೆ ಅಡ್ಮಿನ್ ಮಾತ್ರ ಬರೆಯುವ ಹಾಗೆ ಮಾಡಲು ಕೈ ಹೋಗಿತ್ತು. ಅಷ್ಟರಲ್ಲಿ ದೊಡ್ಡಮ್ಮನ ಹೆಸರಿನಲ್ಲಿ ಒಂದು ಫೋಟೋ ಬಂತು. ದೊಡ್ಡಮ್ಮ ಇಲ್ಲಿಯವರೆಗೆ ಡೇರೆ ಹೂವಿನ ಫೋಟೋ ಬಿಟ್ಟು ಬೇರೆ ಹಾಕಿದವರಲ್ಲ. ಅಲ್ಲಿ ನೆಟ್‌ವರ್ಕ್ ಸಿಗಬೇಕೆಂದರೆ ಕಣದ ಮೂಲೆಗೆ ಕೊಡೆ ಹಿಡಿದು ಹೋಗಬೇಕು. ಫೋಟೋ ತೆರೆದುಕೊಳ್ಳಲು ಮೂರು ನಿಮಿಷ ಹಿಡಿಯಿತು. ಆ ಮೂರು ನಿಮಿಷ ಯಾರೂ ಏನೂ ಬರೆಯಲಿಲ್ಲ.

ಹೂವಲ್ಲ. ಅಟ್ಟದ ಟ್ರಂಕಿನಿಂದ ತೆಗೆದ ಒಂದು ಕಾಗದ. ನಾಲ್ಕು ಮಡಿಕೆ ಬಿದ್ದಿದೆ, ಒಂದು ಮಡಿಕೆ ಹರಿದಿದೆ. ಮೂಲೆಯಲ್ಲಿ ಅಡಿಕೆ ಚೊಗರಿನ ಕಂದು ಕಲೆ. “ಜಗಲಿ, ಕೊಟ್ಟಿಗೆ, ಅಂಗಳ ಮೂರು ದಿನ ಬಿಟ್ಟುಕೊಟ್ಟ ಬಾಬ್ತು, ಕಾಫಿ ತಿಂಡಿ ಸೇರಿ, ರೂ. 600 ಮುಟ್ಟಿದೆ.” ಕೆಳಗೆ ರೆವಿನ್ಯೂ ಸ್ಟಾಂಪು. ಸ್ಟಾಂಪಿನ ಮೇಲೆ ಅಡ್ಡಡ್ಡ, ಒಂದೊಂದು ಅಕ್ಷರವೂ ಹೆಬ್ಬೆರಳಿನಷ್ಟು ದಪ್ಪ, ಅಜ್ಜಿಯ ರುಜು.

ದೊಡ್ಡಪ್ಪನದ್ದಲ್ಲ. ಅಜ್ಜನದ್ದೂ ಅಲ್ಲ.

ಅದರ ಹಿಂದೆಯೇ ಒಂದು ಧ್ವನಿ ಸಂದೇಶ ಬಂತು. ದೊಡ್ಡಮ್ಮ ಫೋನನ್ನು ಅಜ್ಜಿಯ ಬಾಯಿಯ ಹತ್ತಿರ ಹಿಡಿದಿರಬೇಕು. “ಆ ದುಡ್ಡಾ? ನಾನೇ ಇಸಕೊಂಡಿದ್ದು. ಮೂವತ್ತು ಜನಕ್ಕೆ ಮೂರು ದಿನ ಕಾಫಿ ಕಾಸಿದ್ದು ಯಾರು, ಇವರಪ್ಪನಾ? ಬರೆದು ಕೊಡಿ ಎಂದೆ, ಬರೆದು ಕೊಟ್ಟರು.” ಆಮೇಲೆ ಸ್ವಲ್ಪ ಕೆಮ್ಮು. “ಯಾರಂತೆ ಕೇಳಿದ್ದು?”

ಯಾರೂ ತಾನು ಎನ್ನಲಿಲ್ಲ. ಚಿಕ್ಕಪ್ಪನ ಹೆಸರಿನ ಕೆಳಗೆ ‘ಟೈಪ್ ಮಾಡುತ್ತಿದ್ದಾರೆ’ ಎಂದು ಬಂತು, ಹೋಯಿತು, ಮತ್ತೆ ಬಂತು. ಕೊನೆಗೆ ಏನೂ ಬರಲಿಲ್ಲ.

ಪುಟ್ಟಿ ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದ್ದಾಳೆ. ಸಂಜೆ 4:05ಕ್ಕೆ ಅವಳ ಸಂದೇಶ: “ದೊಡ್ಡಮ್ಮಾ, ರುಜುವಿನ ಕೆಳಗೆ ಇನ್ನೊಂದು ಸಾಲು ಇದೆ. ‘ಇದೇ ಮನೆಯನ್ನು ಮುಂದೆ’ ಎಂದಾದ ಮೇಲೆ ಚೊಗರು ಬಿದ್ದು ಕಾಣುತ್ತಿಲ್ಲ. ಬೆಳಕಿಗೆ ಹಿಡಿದು ಇನ್ನೊಂದು ಫೋಟೋ ತೆಗೆಯುತ್ತೀರಾ?”

ರಾತ್ರಿ ಕರೆಂಟು ಬಂದ ಮೇಲೆ ದೊಡ್ಡಮ್ಮ ಉತ್ತರಿಸಿದರು: “ಬಿಸಿಲು ಬಂದ ದಿನ ತೆಗೆಯುತ್ತೇನೆ ಕೂಸೆ.”

ನಮ್ಮೂರಿನಲ್ಲಿ ಬಿಸಿಲು ಬರಲು ಇನ್ನೂ ಒಂದು ತಿಂಗಳಾದರೂ ಬೇಕು.