ಚಿಕ್ಕಪ್ಪನ ಕಾರಿಗೆ 62,000 ರೂಪಾಯಿ ಚಾರ್ಜರ್ ಬೇಕಾ?

ಚಿಕ್ಕಪ್ಪ, ನೀವು ಗ್ರೂಪಿಗೆ ಹಾಕಿದ ಕೊಟೇಶನ್ ನೋಡಿದೆ. ಟಾಟಾದ ಎಲೆಕ್ಟ್ರಿಕ್ ಕಾರು ಪಂಚ್ ಇವಿ ಬುಕ್ ಮಾಡಿದ್ದೀರಿ, ಅದರ ಜೊತೆ ಗೋಡೆಗೆ ಹಾಕುವ 7.2 ಕಿಲೋವ್ಯಾಟ್ ಚಾರ್ಜರ್, ಫಿಟ್ಟಿಂಗ್ ಎಲ್ಲಾ ಸೇರಿ 62,000 ಅಂತ ಬರೆದುಕೊಟ್ಟಿದ್ದಾರೆ, ಹಾಕಿಸೋದಾ ಬೇಡವಾ ಅಂತ ಕೇಳಿದ್ದೀರಿ. ಚಾರ್ಜರ್‌ಗೆ ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ ಅಲ್ವಾ? ಸದ್ಯಕ್ಕೆ ಕೊಡಬೇಡಿ. ಉತ್ತರ ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದಾಗ ಪೂರ್ತಿ ಓದಿ. ಚಿಕ್ಕಮ್ಮನೂ ಓದಲಿ, ಕರೆಂಟ್ ಬಿಲ್ಲಿನ ವಿಷಯ ಇದೆ.

ಮೊದಲು ನಿಮ್ಮ ಓಡಾಟ ನೋಡೋಣ. ದಿನಾ ಸಾಗರ ಪೇಟೆಗೆ, ತೋಟಕ್ಕೆ. ವಾರಕ್ಕೊಮ್ಮೆ ಶಿವಮೊಗ್ಗ, ಹೋಗಿ ಬಂದರೆ 145 ಕಿಲೋಮೀಟರ್ ಆಗಬಹುದು. ಈ ಕಾರು ಒಂದು ಯೂನಿಟ್‌ಗೆ 7 ಕಿಲೋಮೀಟರ್ ಓಡುತ್ತದೆ ಅಂತ ಇಟ್ಟುಕೊಳ್ಳಿ. ಶಿವಮೊಗ್ಗಕ್ಕೆ ಹೋಗಿಬಂದ ದಿನ 20 ಯೂನಿಟ್ ಖರ್ಚಾಗಿರುತ್ತದೆ. ಚಾರ್ಜ್ ಆಗುವಾಗ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ, ಹಾಗಾಗಿ ಮೀಟರಿನಲ್ಲಿ 22–23 ಯೂನಿಟ್ ತೋರಿಸುತ್ತದೆ. ಮಾಮೂಲಿ 15 ಆಂಪ್ ಪವರ್ ಪಾಯಿಂಟ್‌ಗೆ ಹಾಕುವ ಪೋರ್ಟಬಲ್ ಚಾರ್ಜರ್ ಗಂಟೆಗೆ 3 ಯೂನಿಟ್ ಎಳೆಯುತ್ತದೆ. ರಾತ್ರಿ ಊಟ ಆದಮೇಲೆ ಹಾಕಿದರೆ ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ಮುಗಿದಿರುತ್ತದೆ. ಬರೀ ಪೇಟೆ ಓಡಾಟದ ದಿನ ಆದರೆ ಎರಡು ಗಂಟೆ ಸಾಕು. ಬ್ಯಾಟರಿ ಪೂರ್ತಿ ಖಾಲಿಯಿಂದ ತುಂಬಿಸಲು ಈ ಚಾರ್ಜರ್‌ಗೆ 13 ಗಂಟೆ ಬೇಕು ಅಂತ ಶೋರೂಮಿನವರು ಹೆದರಿಸುತ್ತಾರೆ. ಆದರೆ ದಿನಾ ಖಾಲಿ ಮಾಡಿಕೊಂಡು ಮನೆಗೆ ಬರುವವರು ಯಾರು? 7.2ರ ಪೆಟ್ಟಿಗೆ ಟ್ಯಾಕ್ಸಿ ಓಡಿಸುವವರಿಗೆ, ದಿನಾ 200–250 ಕಿಲೋಮೀಟರ್ ತಿರುಗುವವರಿಗೆ ಬೇಕು. ನಿಮಗೆ ಖಂಡಿತ ಬೇಡ.

ಚಾರ್ಜರ್ ಬೇಡ ಅಂದೆ ಅಂತ ಖರ್ಚೇ ಇಲ್ಲ ಅಂದುಕೊಳ್ಳಬೇಡಿ. ದುಡ್ಡು ಹಾಕಬೇಕಾದ ಜಾಗ ಬೇರೆ. ವೈರು ಮತ್ತು ಅರ್ಥಿಂಗ್. ಇದರಲ್ಲಿ ಮಾತ್ರ ದಯವಿಟ್ಟು ಒಂದು ರೂಪಾಯಿಯೂ ಉಳಿಸಲು ಹೋಗಬೇಡಿ.

ಇಲ್ಲಿ ಮೈಸೂರಲ್ಲಿ ನಮ್ಮ ಬೀದಿಯವರೇ ಒಬ್ಬರು ಗೀಸರ್ ಪಾಯಿಂಟಿನಿಂದ ವೈರ್ ಎಳೆಸಿ ಪೋರ್ಟಿಕೋದಲ್ಲಿ ಸಾಕೆಟ್ ಹಾಕಿಸಿದ್ದರು. ಮಳೆಗಾಲದಲ್ಲಿ ಒಂದು ದಿನ ಏನೋ ಸುಟ್ಟ ವಾಸನೆ ಅಂತ ಕರೆದರು. ಪ್ಲಗ್ ಕಿತ್ತು ನೋಡಿದರೆ ಸಾಕೆಟ್ಟಿನ ಒಂದು ತೂತಿನ ಸುತ್ತ ಪ್ಲಾಸ್ಟಿಕ್ ಕರಗಿ ಕಂದು ಬಣ್ಣಕ್ಕೆ ತಿರುಗಿತ್ತು, ಪಿನ್ನು ಕಪ್ಪಗಾಗಿತ್ತು. ಗೀಸರ್ ನೀರು ಕಾದ ತಕ್ಷಣ ಆಫ್ ಆಗುತ್ತದೆ, ಕಾರು ಹಾಗಲ್ಲ, ಏಳೆಂಟು ಗಂಟೆ ಒಂದೇ ಸಮನೆ ಎಳೆಯುತ್ತಿರುತ್ತದೆ, ಸಣ್ಣ ವೈರು ಸಡಿಲ ಸ್ಕ್ರೂ ಇದ್ದರೆ ಅಲ್ಲೇ ಬಿಸಿ ಕೂರುತ್ತದೆ. ಅದಕ್ಕೇ ಮೀಟರ್ ಬೋರ್ಡಿನಿಂದ ಶೆಡ್ಡಿನವರೆಗೆ ಕಾರಿಗೆ ಅಂತಲೇ ಪ್ರತ್ಯೇಕ ಲೈನ್ ಬೇಕು. ನಡುವೆ ಜಾಯಿಂಟ್ ಇರಬಾರದು. ನಿಮ್ಮ ಮೀಟರ್ ಇರೋದು ಜಗಲಿಯಲ್ಲಿ, ಶೆಡ್ಡು ಅಂಗಳದ ಆಚೆ, 25 ಮೀಟರ್ ಆದರೂ ಇದೆ. ಅಷ್ಟು ದೂರಕ್ಕೆ 4 ಚದರ ಮಿಲಿಮೀಟರ್ ತಾಮ್ರದ ವೈರ್ ಕಡಿಮೆ ಅಂದರೆ ಕಡಿಮೆ, 6ರದ್ದು ಹಾಕಿಸಿದರೆ ಇನ್ನೂ ನಿಶ್ಚಿಂತೆ. ಹೇಗಿದ್ದರೂ ಸಂಜೆ ನಿಮ್ಮ ಕಡೆ ವೋಲ್ಟೇಜ್ ಬೀಳುತ್ತದೆ, ವೈರೂ ಸಣ್ಣದಾದರೆ ಚಾರ್ಜರ್ ತಾನೇ ನಿಂತುಬಿಡುತ್ತದೆ. ನೆಲದಡಿ ಹಾಕುವುದಾದರೆ ಲೋಹದ ಕವಚ ಇರುವ ಆರ್ಮರ್ಡ್ ಕೇಬಲ್ಲೇ ಆಗಬೇಕು, ಇಲಿ, ಹೆಗ್ಗಣ, ಗುದ್ದಲಿ ಎಲ್ಲದರಿಂದ ಬಚಾವು. ಶೆಡ್ಡಿನಲ್ಲಿ ನೀರು ಹೋಗದ ಬಾಕ್ಸು, ಅದರೊಳಗೆ 20 ಆಂಪ್ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್), 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್). ಆರ್‌ಸಿಸಿಬಿ ತರುವಾಗ ಟೈಪ್ ಎ ಅಂತ ಕೇಳಿ ತನ್ನಿ, ಅಂಗಡಿಯವರು ಸುಮ್ನೆ ಕೈಗೆ ಸಿಕ್ಕ ಎಸಿ ಟೈಪ್ ಕೊಟ್ಟುಬಿಡುತ್ತಾರೆ. ಸಿಡಿಲಿನ ಊರು ನಿಮ್ಮದು, ಒಂದು ಸರ್ಜ್ ಪ್ರೊಟೆಕ್ಟರ್ ಕೂಡ ಹಾಕಿಸಿ. ಅದಿದ್ದರೂ ಗುಡುಗು ಶುರುವಾಗುವ ಮೊದಲೇ ಪ್ಲಗ್ ತೆಗೆಯೋದು ವಾಸಿ.

ಅರ್ಥಿಂಗ್ ಬಗ್ಗೆ ನನಗೆ ನಿಜವಾಗಿ ಚಿಂತೆ ಇರೋದು. ಹಳೇ ಮನೆ, ಜಂಬಿಟ್ಟಿಗೆ ನೆಲ. ಮಳೆಗಾಲದಲ್ಲಿ ಸರಿ ಇದ್ದ ಅರ್ಥ್ ಏಪ್ರಿಲ್ ಹೊತ್ತಿಗೆ ಒಣಗಿ ಕೈಕೊಡುತ್ತದೆ. ಕಾರಿಗೆ ಹೊಸ ಗುಂಡಿಯನ್ನೇ ತೆಗೆಸಿ, ಇದ್ದಿಲು ಉಪ್ಪು ಹಾಕಿ ತುಂಬಿಸಿ, ಬೇಸಿಗೆಯಲ್ಲಿ ಆಗಾಗ ನೀರು ಹೊಯ್ಯಿರಿ. ಬಚ್ಚಲ ನೀರು ಹರಿಯುವ ಕಡೆ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು. ಕೆಲಸ ಮುಗಿದಮೇಲೆ ನಿಮ್ಮ ಎದುರಿಗೇ ಮಲ್ಟಿಮೀಟರ್ ಇಟ್ಟು ತೋರಿಸಲು ಹೇಳಿ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ 2–3 ವೋಲ್ಟ್‌ಗಿಂತ ಜಾಸ್ತಿ ಇರಬಾರದು. ಅರ್ಥ್ ಸರಿ ಇಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ಕೂತುಬಿಡುತ್ತದೆ. ಆಗ ಕೆಲವು ಎಲೆಕ್ಟ್ರಿಷಿಯನ್‌ಗಳು ಸಾಕೆಟ್ ಒಳಗೇ ನ್ಯೂಟ್ರಲ್ಲಿಗೂ ಅರ್ಥಿಗೂ ತುಂಡು ವೈರ್ ಕಟ್ಟಿ ದೀಪ ಹಸಿರು ಮಾಡಿಕೊಟ್ಟು ಹೋಗುತ್ತಾರೆ. ಅದನ್ನು ಮಾತ್ರ ಯಾವ ಕಾರಣಕ್ಕೂ ಒಪ್ಪಬೇಡಿ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಕಾರಿನ ಬಾಡಿಗೇ ಕರೆಂಟ್ ಬರುತ್ತದೆ. ಮಕ್ಕಳು ಓಡಾಡುವ ಅಂಗಳ ಅದು.

ಇಷ್ಟೆಲ್ಲಾ ಸೇರಿ, ಕೂಲಿ ಸಮೇತ, ನಿಮಗೆ 20,000ದಿಂದ 25,000 ಆಗಬಹುದು. ನಮ್ಮಲ್ಲಿ ಮೀಟರ್ ಪಕ್ಕದಲ್ಲೇ ಕಾರು ನಿಲ್ಲುವುದರಿಂದ 14,000ದ ಆಸುಪಾಸಿನಲ್ಲಿ ಮುಗಿಯಿತು. ವ್ಯತ್ಯಾಸ ಎಲ್ಲಾ ದೂರದ್ದೇ.

ಚಿಕ್ಕಮ್ಮ, ಈಗ ಬಿಲ್ಲು. ಗೃಹಜ್ಯೋತಿಯಲ್ಲಿ ನಿಮಗೆ ಸೊನ್ನೆ ಬಿಲ್ಲು ಬರುತ್ತಿದೆ, ಮನೆಗೆ ತಿಂಗಳಿಗೆ 90 ಯೂನಿಟ್ ಆಗುತ್ತದೆ ಅಂದಿದ್ದಿರಿ. ಕಾರು ತಿಂಗಳಿಗೆ 800 ಕಿಲೋಮೀಟರ್ ಓಡಿದರೆ 130 ಯೂನಿಟ್ ಸೇರುತ್ತದೆ, ಒಟ್ಟು 220. ಗೃಹಜ್ಯೋತಿಯ ಮಿತಿ 200 ಯೂನಿಟ್ ದಾಟಿದರೆ ಮೇಲಿನ 20 ಯೂನಿಟ್‌ಗೆ ಮಾತ್ರ ಅಲ್ಲ, ಪೂರ್ತಿ 220ಕ್ಕೂ ಕಟ್ಟಬೇಕು. 2025ರ ಏಪ್ರಿಲ್‌ನ ದರದಲ್ಲಿ ಲೆಕ್ಕ ಹಾಕಿದರೆ ಯೂನಿಟ್‌ಗೆ 5 ರೂಪಾಯಿ 80 ಪೈಸೆ, ಅದರ ಮೇಲೆ ವಿದ್ಯುತ್ ನೌಕರರ ಪಿಂಚಣಿಗೆ ಅಂತ ಹಾಕುವ 36 ಪೈಸೆ, ತೆರಿಗೆ ಬೇರೆ. ಇದಲ್ಲದೆ ಮಂಜೂರಾದ ಲೋಡಿನ (ನಿಮ್ಮ ಕನೆಕ್ಷನ್‌ಗೆ ಒಪ್ಪಿಗೆ ಕೊಟ್ಟಿರುವ ಕಿಲೋವ್ಯಾಟ್) ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ ನಿಗದಿತ ಶುಲ್ಕ. ಈ ನಿಗದಿತ ಶುಲ್ಕದ ಮಾತನ್ನು ಶೋರೂಮಿನಲ್ಲಿ ಯಾರೂ ಎತ್ತುವುದಿಲ್ಲ. 3 ಕಿಲೋವ್ಯಾಟ್ ಲೋಡ್ ಹೆಚ್ಚಿಸಿಕೊಂಡರೆ ತಿಂಗಳಿಗೆ 435, ಆ ದೊಡ್ಡ ಚಾರ್ಜರ್‌ಗೋಸ್ಕರ 7 ಹೆಚ್ಚಿಸಿದರೆ 1,015, ಕಾರು ಶೆಡ್ಡಿನಲ್ಲೇ ನಿಂತಿದ್ದರೂ ಕಟ್ಟುತ್ತಲೇ ಇರಬೇಕು.

ಹಾಗಾಗಿ ನನ್ನ ಸಲಹೆ, ಕಾರಿಗೆ ಬೇರೆ ಮೀಟರ್ ತಗೊಳ್ಳಿ. 2024ರ ಫೆಬ್ರವರಿಯಲ್ಲಿ ಕೇಂದ್ರದ ನಿಯಮ ತಿದ್ದುಪಡಿ ಆಗಿದೆ, ಇವಿ ಚಾರ್ಜಿಂಗ್‌ಗೆ ಪ್ರತ್ಯೇಕ ಕನೆಕ್ಷನ್ ಕೇಳುವ ಹಕ್ಕು ನಮಗಿದೆ. ಇವಿ ದರ ಮನೆ ದರಕ್ಕಿಂತ ಕಡಿಮೆ. ಮನೆಯ ಮೀಟರ್ 90 ಯೂನಿಟ್‌ನಲ್ಲೇ ಉಳಿಯುತ್ತದೆ, ಚಿಕ್ಕಮ್ಮನ ಸೊನ್ನೆ ಬಿಲ್ಲೂ ಉಳಿಯುತ್ತದೆ. ಮೆಸ್ಕಾಂ ಆಫೀಸಿಗೆ ಹೋದಾಗ ಡೆಪಾಸಿಟ್ ಎಷ್ಟು, ನಿಗದಿತ ಶುಲ್ಕ ಎಷ್ಟು ಅಂತ ಎರಡನ್ನೂ ಬರೆಸಿಕೊಂಡು ಬನ್ನಿ.

ಪಲ್ಲವಿ ಅಕ್ಕ, ನೀನು ಬೆಂಗಳೂರಿನ ಫ್ಲ್ಯಾಟಿಗೆ ಹೇಗೆ ಅಂತ ಕೇಳಿದ್ದೆ ಅಲ್ವಾ, ಇದೇ ನಿಯಮ ನಿನಗೂ ಅನ್ವಯಿಸುತ್ತದೆ. ಅಸೋಸಿಯೇಷನ್‌ಗೆ ಬಾಯಲ್ಲಿ ಹೇಳಬೇಡ, ಅರ್ಜಿ ಬರೆದು ಕೊಡು. ಬೇಸ್‌ಮೆಂಟಿನ ಮೀಟರ್ ರೂಮಿನಿಂದ ನಿನ್ನ ಪಾರ್ಕಿಂಗ್‌ಗೆ ಎಷ್ಟು ದೂರ ಅಂತ ಮೊದಲು ಅಳೆದುಕೋ, ಅಲ್ಲೂ ಖರ್ಚು ಕೇಬಲ್ಲಿಂದೇ.

ಚಿಕ್ಕಪ್ಪ, ಕಾರಿನ ಜೊತೆ ಪೋರ್ಟಬಲ್ ಚಾರ್ಜರ್ ಬರುತ್ತದೆ ಅಂತ ಇನ್‌ವಾಯ್ಸಿನಲ್ಲಿ ಬರೆಸಿಕೊಳ್ಳಿ, 7.2ರದ್ದನ್ನು ತೆಗೆಸಿ. ಆಮೇಲೆ ಮೀಟರ್ ಬೋರ್ಡಿನ ಫೋಟೋ, ಕಳೆದ ತಿಂಗಳ ಬಿಲ್ಲು, ಜಗಲಿಯಿಂದ ಶೆಡ್ಡಿಗೆ ಟೇಪ್ ಹಿಡಿದು ಅಳೆದ ಅಳತೆ, ಮೂರನ್ನೂ ಇಲ್ಲೇ ಹಾಕಿ. ಎಲೆಕ್ಟ್ರಿಷಿಯನ್ ಮನೆಗೆ ಬಂದಾಗ ನನಗೊಂದು ಫೋನ್ ಮಾಡಿ, ಸಾಮಾನಿನ ಪಟ್ಟಿ ಅವರ ಜೊತೆಗೇ ಕೂತು ಬರೆಸುತ್ತೇನೆ.