ಅಣ್ಣಂಗಿಂತ ಮೊದಲು ನೀವು ಹಾಕಿಸ್ಕೊಳ್ಳಿ ಅತ್ತಿಗೆ

ಅತ್ತಿಗೆ, ನಿಮ್ಮ ಮೆಸೇಜ್ ನೋಡಿದೆ. ನ್ಯೂಜೆರ್ಸಿಯಿಂದ ಮಗಳು "ಅಪ್ಪ ಅಮ್ಮ ಇಬ್ರೂ ಶಿಂಗಲ್ಸ್ ಇಂಜೆಕ್ಷನ್ ಹಾಕಿಸ್ಕೊಳ್ಳಿ" (ಶಿಂಗಲ್ಸ್ ಅಂದ್ರೆ ನಮ್ಮ ಸರ್ಪಸುತ್ತು) ಅಂತ ಹಟ ಹಿಡಿದಿದಾಳೆ, ಇಬ್ಬರಿಗೂ ಸೇರಿ ನಲವತ್ತು ಸಾವಿರ ದಾಟುತ್ತಂತೆ, ಇದೆಲ್ಲಾ ಬೇಕಾ, ಬೇಕಾದ್ರೂ ಮೊದಲು ಅಣ್ಣಂಗೆ ಹಾಕ್ಸಿ ಆಮೇಲೆ ನೋಡೋಣವಾ ಅಂತ ಕೇಳಿದೀರ. ಸ್ವಲ್ಪ ಉದ್ದ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಗ್ರೂಪಲ್ಲೇ ಹೇಳ್ತಾ ಇರೋದು ಯಾಕಂದ್ರೆ ಈಗ ಸರ್ಪಸುತ್ತು ಆಗಿರೋ ಶಿವಮೊಗ್ಗದ ಚಿಕ್ಕಪ್ಪಂಗೂ ಇದರಲ್ಲಿ ಹೇಳೋದು ಸ್ವಲ್ಪ ಇದೆ.

ಮೊದಲು ಉತ್ತರ: ಇಬ್ಬರಿಗೂ ಬೇಕು. ಆದ್ರೆ ಸರದಿ ಉಲ್ಟಾ. ಅಣ್ಣಂಗೆ 67, ಸಕ್ಕರೆ ಕಾಯಿಲೆ ಬೇರೆ, ಹಾಗಾಗಿ ಅವನಿಗೇ ಮೊದಲು ಅಂತ ಎಲ್ಲರಿಗೂ ಅನ್ಸುತ್ತೆ. ಆದ್ರೆ ನಿಮಗೆ ರುಮಟಾಯ್ಡ್ ಆರ್ಥ್ರೈಟಿಸ್, ಅಂದ್ರೆ ಕೀಲುವಾತ ಇದೆ, ವಾರಕ್ಕೊಂದು ದಿನ ಮೆಥೋಟ್ರೆಕ್ಸೇಟ್ ತಗೋತೀರ, ಈಗ ಡಾಕ್ಟ್ರು ಟೋಫಾಸಿಟಿನಿಬ್ ಶುರು ಮಾಡೋಣ ಅಂದಿದಾರೆ ಅಂತ ನೀವೇ ಬರೆದಿದೀರ. ಆ ಮಾತ್ರೆ ಇಡೀ ಲೆಕ್ಕಾನೇ ಬದಲಾಯಿಸುತ್ತೆ. ಕೀಲು ನೋವಿಗೆ ಅದು ಒಳ್ಳೇ ಮಾತ್ರೆ, ಅದರ ಬಗ್ಗೆ ತಕರಾರಿಲ್ಲ. ಆದ್ರೆ ಅದು ಮತ್ತು ಅದರ ಜಾತಿಯ ಮಾತ್ರೆಗಳೆಲ್ಲಾ ರೋಗನಿರೋಧಕ ಶಕ್ತಿ ತಗ್ಗಿಸಿ ಸರ್ಪಸುತ್ತಿನ ಅಪಾಯವನ್ನ ಚೆನ್ನಾಗೇ ಜಾಸ್ತಿ ಮಾಡ್ತವೆ. ಶುರು ಮಾಡೋಕೆ ಮುಂಚೆ ಲಸಿಕೆ ಬಿದ್ದಿದ್ರೆ ಮೈ ಚೆನ್ನಾಗಿ ಪ್ರತಿಕ್ರಿಯೆ ಕೊಡುತ್ತೆ, ಶುರುವಾದ ಮೇಲೆ ಹಾಕಿದ್ರೆ ಕೆಲಸ ಮಾಡುತ್ತೆ ಆದ್ರೆ ಅಷ್ಟು ಗಟ್ಟಿ ಇರದೆ ಹೋಗಬಹುದು. ಹಾಗಂತ ಕೀಲು ಊದ್ಕೊಂಡು ಕೂತಿರೋವಾಗ ಲಸಿಕೆಗೋಸ್ಕರ ಮಾತ್ರೆ ತಿಂಗಳುಗಟ್ಟಲೆ ಮುಂದೂಡೋದೂ ಬೇಡ. ಕನಿಷ್ಠ ಮೊದಲನೇ ಡೋಸ್ ಆದ್ರೂ ಮುಂಚೆ ಬೀಳಲಿ. ಡಾಕ್ಟ್ರ ಹತ್ರ ನೇರವಾಗಿ ಕೇಳಿ, "ಟೋಫಾಸಿಟಿನಿಬ್ ಎಷ್ಟು ವಾರ ತಡ ಮಾಡಬಹುದು?" ಅಂತ. ಮೆಥೋಟ್ರೆಕ್ಸೇಟ್ ಈ ಲಸಿಕೆಗೋಸ್ಕರ ನಿಲ್ಲಿಸೋ ಅಗತ್ಯ ಸಾಮಾನ್ಯವಾಗಿ ಇರಲ್ಲ. ನೀವಾಗೇ ಬಿಟ್ಟುಬಿಡಬೇಡಿ.

ಈಗ ಕಾಯಿಲೆ ಏನು ಅಂತ. ಚಿಕ್ಕವರಿದ್ದಾಗ ಅಮ್ಮ ಆಗಿರುತ್ತಲ್ಲ, ಚಿಕನ್‌ಪಾಕ್ಸ್, ಆ ವೈರಸ್ ಮೈಯಿಂದ ಹೋಗಿರಲ್ಲ. ಬೆನ್ನುಹುರಿ ಪಕ್ಕದ ನರದ ಗಂಟಲ್ಲಿ ಸುಮ್ಮನೆ ಕೂತಿರುತ್ತೆ. ವಯಸ್ಸಾದಾಗ, ಇಲ್ಲ ರೋಗನಿರೋಧಕ ಶಕ್ತಿ ತಗ್ಗಿದಾಗ, ಆ ಒಂದು ನರದುದ್ದಕ್ಕೂ ಇಳಿದು ಬಂದು ಬೊಬ್ಬೆ ಎಬ್ಬಿಸುತ್ತೆ. ಅಮೆರಿಕದ ಲೆಕ್ಕದಲ್ಲಿ ಮೂವರಲ್ಲಿ ಒಬ್ಬರಿಗೆ ಜೀವನದಲ್ಲಿ ಒಮ್ಮೆ ಬರುತ್ತೆ. ಬೊಬ್ಬೆ ಎರಡು ಮೂರು ವಾರಕ್ಕೆ ಒಣಗುತ್ತೆ, ಅದಕ್ಕೇ ಹೆದರಬೇಕಾಗಿಲ್ಲ. ಹೆದರಬೇಕಾದ್ದು ಆಮೇಲಿನ ನೋವಿಗೆ. ಬಂದವರಲ್ಲಿ ಶೇಕಡಾ 10ರಿಂದ 18 ಜನಕ್ಕೆ ಚರ್ಮ ಮಾಸಿದ ಮೇಲೂ ಆ ಜಾಗ ಉರೀತಾ ಇರುತ್ತೆ, ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ. ಬನಿಯನ್ ತಾಕಿದ್ರೆ, ಫ್ಯಾನ್ ಗಾಳಿ ಬಡಿದ್ರೆ, ಮಗ್ಗುಲು ಬದಲಾಯಿಸಿದ್ರೆ ಚುರ್ ಅನ್ನುತ್ತೆ. ವಯಸ್ಸಾದಷ್ಟೂ ಈ ಸಾಧ್ಯತೆ ಜಾಸ್ತಿ. ಅದಕ್ಕೆ ಕೊಡೋ ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್ ಮಾತ್ರೆಗಳು ವಯಸ್ಸಾದವರಿಗೆ ತಲೆಸುತ್ತು ತರ್ತವೆ, ರಾತ್ರಿ ಬಾತ್‌ರೂಮಿಗೆ ಎದ್ದಾಗ ಬೀಳೋದು ಇದರಿಂದಲೇ ಎಷ್ಟೋ ಸಲ. ನೀವು ದುಡ್ಡು ಕೊಡ್ತಾ ಇರೋದು ಈ ನೋವು ಬರದೇ ಇರಲಿ ಅಂತ.

ಲಸಿಕೆ ಹೆಸರು ಶಿಂಗ್ರಿಕ್ಸ್. ಅಮೆರಿಕದಲ್ಲಿ 2017ರಿಂದ ಇದೆ, ನಮ್ಮಲ್ಲಿ 2023ರಲ್ಲಿ ಬಂತು. ಇದರಲ್ಲಿ ಜೀವಂತ ವೈರಸ್ ಇಲ್ಲ, ವೈರಸ್ಸಿನ ಒಂದು ಪ್ರೋಟೀನ್ ಮಾತ್ರ, ಜೊತೆಗೆ ಮೈಯನ್ನ ಎಚ್ಚರಿಸೋ ಒಂದು ದ್ರವ. ಹಾಗಾಗಿ ನಿಮ್ಮಂಥ ಮಾತ್ರೆ ತಗೊಳ್ಳೋವ್ರಿಗೂ ಕೊಡಬಹುದು. ದೊಡ್ಡ ಪರೀಕ್ಷೆಗಳಲ್ಲಿ 50 ದಾಟಿದವರಿಗೆ ಶೇಕಡಾ 97, 70 ದಾಟಿದವರಿಗೂ ಶೇಕಡಾ 90ರ ಆಸುಪಾಸು ರಕ್ಷಣೆ ಕೊಟ್ಟಿದೆ. ಅದೇ ಜನರನ್ನ ಹಿಂಬಾಲಿಸಿ ನೋಡಿದಾಗ 11ನೇ ವರ್ಷದಲ್ಲೂ ಶೇಕಡಾ 80ರಷ್ಟು ಉಳಿದಿತ್ತು. ರೋಗನಿರೋಧಕ ಶಕ್ತಿ ತಗ್ಗಿಸೋ ಮಾತ್ರೆ ತಗೊಳ್ಳೋರಲ್ಲಿ ಇಷ್ಟು ಇರಲ್ಲ, ಆದ್ರೆ ಏನೂ ಇಲ್ಲದ್ದಕ್ಕಿಂತ ಬಹಳ ಮೇಲು.

ಖರ್ಚು. ಒಂದು ಡೋಸ್‌ಗೆ ಹತ್ತು ಸಾವಿರದ ಆಚೀಚೆ, ಒಬ್ಬರಿಗೆ ಎರಡು ಡೋಸ್. ಸರ್ಕಾರಿ ಲಸಿಕೆ ಕಾರ್ಯಕ್ರಮದಲ್ಲಿ ಇದಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ಪ್ರಯೋಜನ ಇಲ್ಲ. ಇನ್ಶೂರೆನ್ಸೂ ಸಾಮಾನ್ಯವಾಗಿ ಕೊಡಲ್ಲ. ಈ ವರ್ಷ ಇಪ್ಪತ್ತು ಸಾವಿರವೇ ಇರೋದು ಅಂದ್ರೆ ಇಬ್ಬರಿಗೂ ಒಂದೊಂದು ಹಾಕ್ಸಿ ಹಂಚ್ಕೋಬೇಡಿ. ನೀವೊಬ್ಬರು ಎರಡೂ ಮುಗಿಸಿ, ಅಣ್ಣಂದು ಮುಂದಿನ ವರ್ಷ ಇರಲಿ. ಒಂದೇ ಡೋಸ್‌ನ ರಕ್ಷಣೆ ಅರೆಬರೆ.

ಅಂತರ ಬರ್ಕೊಳ್ಳಿ. ಅಣ್ಣಂಗೆ ಮೊದಲನೇದು ಆದ 2ರಿಂದ 6 ತಿಂಗಳೊಳಗೆ ಎರಡನೇದು. ದಸರಾ ಹೊತ್ತಿಗೆ ಒಂದು, ಸಂಕ್ರಾಂತಿ ಹೊತ್ತಿಗೆ ಇನ್ನೊಂದು ಅಂದ್ರೆ ಸರಿಹೋಗುತ್ತೆ. ನಿಮ್ಮಂಥವರಿಗೆ 1ರಿಂದ 2 ತಿಂಗಳಲ್ಲೇ ಮುಗಿಸಬಹುದು. 4 ವಾರಕ್ಕಿಂತ ಮುಂಚೆ ಮಾತ್ರ ಬೇಡ, ಅದು ಲೆಕ್ಕಕ್ಕೆ ಬರಲ್ಲ, ಮತ್ತೆ ದುಡ್ಡು ಕೊಟ್ಟು ಹಾಕಿಸ್ಬೇಕಾಗುತ್ತೆ. 6 ತಿಂಗಳು ದಾಟಿಹೋದ್ರೆ? ಮೊದಲಿಂದ ಶುರು ಮಾಡೋದೇನೂ ಬೇಡ, ಎರಡನೇದು ಹಾಕಿಸ್ಕೊಂಡ್ರೆ ಆಯ್ತು.

ಎಲ್ಲಿ ಹಾಕಿಸ್ಬೇಕು ಅನ್ನೋದರಲ್ಲೇ ಎಡವಟ್ಟಾಗೋದು. ತಮ್ಮದೇ ಫ್ರಿಜ್ಜಲ್ಲಿ ಸ್ಟಾಕ್ ಇಟ್ಟಿರೋ ಆಸ್ಪತ್ರೇಲಿ ಹಾಕಿಸ್ಕೊಳ್ಳಿ. ಮೆಡಿಕಲ್ ಸ್ಟೋರಲ್ಲಿ ಕೊಂಡು ಆಟೋದಲ್ಲಿ ಹಿಡ್ಕೊಂಡು ಹೋಗೋದು ಕೊನೇ ದಾರಿ. ಇದನ್ನ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಬಿಸಿ ತಾಗಬಾರದು ಅಂತ ಎಲ್ಲರಿಗೂ ಗೊತ್ತು, ಹೆಪ್ಪುಗಟ್ಟಬಾರದು ಅನ್ನೋದು ಗೊತ್ತಿರಲ್ಲ. ಫ್ರೀಜರ್‌ನಿಂದ ತೆಗೆದ ಐಸ್ ಪ್ಯಾಕಿಗೆ ಡಬ್ಬಿ ಅಂಟಿಸಿ ತಂದ್ರೆ ಲಸಿಕೆ ಹೆಪ್ಪುಗಟ್ಟಿ ಹಾಳಾಗುತ್ತೆ, ಕರಗಿದ ಮೇಲೆ ನೋಡೋಕೆ ಸರಿಯಾಗೇ ಕಂಡ್ರೂ ಬಳಸೋ ಹಾಗಿಲ್ಲ. ಗತಿಯಿಲ್ಲದೆ ತರಬೇಕಾದ್ರೆ ಮಧ್ಯೆ ಟವೆಲ್ಲೋ ದಪ್ಪ ಪೇಪರ್ರೋ ಸುತ್ತಿರಲಿ.

ಡಬ್ಬೀಲಿ ಎರಡು ಸೀಸೆ ಇರ್ತವೆ. ಕಂದು ಮುಚ್ಚಳದ್ದರಲ್ಲಿ ಪುಡಿ, ನೀಲಿ ಹಸಿರು ಮುಚ್ಚಳದ್ದರಲ್ಲಿ ದ್ರವ. ದ್ರವವನ್ನ ಪೂರ್ತಿ ಎಳೆದು ಪುಡಿಗೆ ಹಾಕಿ, ಮೆಲ್ಲಗೆ ಅಲ್ಲಾಡಿಸಿ ಕರಗಿಸಿ, 0.5 ಎಂಎಲ್ ಹಾಕ್ತಾರೆ. ಗಡಿಬಿಡೀಲಿ ಬರೀ ದ್ರವ ಚುಚ್ಚಿ ಕಳಿಸಿದ ತಪ್ಪು ಬೇರೆ ಬೇರೆ ದೇಶಗಳಲ್ಲೂ ಆಗಿದೆ, ಹಾಗಾದಾಗ ಮೈಗೆ ಲಸಿಕೆಯೇ ಹೋಗಿರಲ್ಲ. "ಸಿಸ್ಟರ್, ಎರಡೂ ಬೆರೆಸೋದು ನೋಡ್ತೀನಿ" ಅಂತ ನಗ್ತಾ ಹೇಳಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಇನ್ನೊಂದು, ಚಿಕನ್‌ಪಾಕ್ಸ್ ಲಸಿಕೆ ಬೇರೆ, ಇದು ಬೇರೆ. ಅದು ಜೀವಂತ ವೈರಸ್ಸಿಂದು, ನಿಮಗೆ ಬೇಡವೇ ಬೇಡ. ಡಬ್ಬಿ ಮೇಲಿನ ಹೆಸರು ಓದಿ. ಬ್ಯಾಚ್ ನಂಬರು, ಎಕ್ಸ್‌ಪೈರಿ ಕಾಣೋ ಹಾಗೆ ಫೋಟೋ ತೆಗೆದಿಡಿ.

ಇಂಜೆಕ್ಷನ್ ತೋಳಿನ ಮೇಲ್ಭಾಗದ ಮಾಂಸಖಂಡಕ್ಕೆ. ಅಣ್ಣ ಸ್ಟೆಂಟ್ ಹಾಕಿಸ್ಕೊಂಡ ಮೇಲೆ ರಕ್ತ ತೆಳು ಮಾಡೋ ಮಾತ್ರೆ ತಗೋತಾನಲ್ಲ, ಅದನ್ನ ನಿಲ್ಲಿಸಬಾರದು. ಮುಂಚೇನೇ ಹೇಳಿದ್ರೆ ಸಣ್ಣ ಸೂಜಿ ಬಳಸ್ತಾರೆ, ಆಮೇಲೆ ಎರಡು ನಿಮಿಷ ಹತ್ತಿ ಗಟ್ಟಿಯಾಗಿ ಒತ್ತಿ ಹಿಡಿಬೇಕು. ಉಜ್ಜಬಾರದು.

ಇದು ಸ್ವಲ್ಪ ಖಾರದ ಇಂಜೆಕ್ಷನ್ನೇ, ಮುಚ್ಚಿಡಲ್ಲ. ಹತ್ತರಲ್ಲಿ ಏಳೆಂಟು ಜನಕ್ಕೆ ತೋಳು ನೋಯುತ್ತೆ, ಅರ್ಧದ ಹತ್ರ ಜನಕ್ಕೆ ಮೈಕೈ ನೋವು, ಸುಸ್ತು, ಐದರಲ್ಲಿ ಒಬ್ಬರಿಗೆ ಜ್ವರ. ಎರಡು ಮೂರು ದಿನದಲ್ಲಿ ಇಳಿಯುತ್ತೆ. ವಯಸ್ಸು ಕಮ್ಮಿ ಇದ್ದವರಿಗೇ ಜಾಸ್ತಿ, ಹಾಗಾಗಿ ಅಣ್ಣಂಗಿಂತ ನಿಮಗೆ ಹೆಚ್ಚು ಅನ್ನಿಸಬಹುದು. ಮದುವೆ, ಗೃಹಪ್ರವೇಶ, ರೈಲು ಪ್ರಯಾಣ ಇರೋ ವಾರ ಬೇಡ. ಇಬ್ಬರೂ ಒಂದೇ ದಿನ ಹಾಕಿಸ್ಕೋಬೇಡಿ, ಆಮೇಲೆ ಅನ್ನ ಬೇಯಿಸೋಕೂ ಯಾರೂ ಏಳಲ್ಲ. ಜ್ವರ ಬಂದ್ರೆ ಡೋಲೋ 650 ಸಾಕು. ಅಣ್ಣಂಗೆ ಬ್ರೂಫೆನ್ ತರದ್ದು ಕೊಡಬೇಡಿ, ರಕ್ತ ತೆಳು ಮಾಡೋ ಮಾತ್ರೆ ಜೊತೆ ಅದು ಹೊಂದಲ್ಲ. ಆ ಎರಡು ದಿನ ಅವನ ಸಕ್ಕರೆ ಒಂದು ಸಲ ಜಾಸ್ತಿ ನೋಡಿ. ಮೊದಲನೇ ಸಲ ಜ್ವರ ಬಂತು ಅಂತ ಎರಡನೇದು ಬಿಡೋದು ಬೇಡ.

ಬಹಳ ಅಪರೂಪದ್ದು ಒಂದಿದೆ, ಗಿಲಾನ್ ಬಾರೆ ಅಂತ ನರದ ತೊಂದರೆ. ಅಮೆರಿಕದಲ್ಲಿ 65 ದಾಟಿದವರಲ್ಲಿ ಹತ್ತು ಲಕ್ಷ ಡೋಸ್‌ಗೆ ಸುಮಾರು 3 ಹೆಚ್ಚುವರಿ ಪ್ರಕರಣ ಕಂಡಿದೆ. ಕಾಲಿಂದ ಮೇಲಕ್ಕೆ ಜೋಮು, ಶಕ್ತಿ ಕುಂದೋದು ಕಂಡ್ರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಜ್ವರ, ಸೋಂಕು ಜೋರಾಗಿರೋವಾಗ ಲಸಿಕೆ ಮುಂದಕ್ಕೆ ಹಾಕಿ. "ಅಮ್ಮ ಆಗಿತ್ತೋ ಇಲ್ವೋ ನೆನಪಿಲ್ಲ" ಅಂದಿದೀರ. ಅದಕ್ಕೆ ರಕ್ತಪರೀಕ್ಷೆ ಬೇಡ, ನಮ್ಮಲ್ಲಿ 50 ದಾಟಿದ ಬಹುತೇಕರಿಗೆ ಆ ವೈರಸ್ ತಾಗೇ ಇರುತ್ತೆ.

ಚಿಕ್ಕಪ್ಪ, ಈಗ ನಿಮ್ಮ ವಿಷಯ. ಬೊಬ್ಬೆ ಒಣಗ್ತಾ ಇದೆ ಅಂದ್ರಿ. ಈಗಿರೋ ಉರಿಗೆ ಲಸಿಕೆ ಔಷಧಿ ಅಲ್ಲ. ಆದ್ರೆ ಇನ್ನೊಂದು ಸಲ ಬರಬಾರದು ಅಂತಿಲ್ಲ, ಹಾಗಾಗಿ ಪೂರ್ತಿ ವಾಸಿಯಾದ ಮೇಲೆ ಹಾಕಿಸ್ಕೋಬಹುದು, ಎಷ್ಟೋ ಡಾಕ್ಟ್ರು ಆರು ತಿಂಗಳಿಂದ ಒಂದು ವರ್ಷ ಬಿಟ್ಟು ಹೇಳ್ತಾರೆ. ಹಕ್ಕಳೆ ಕಟ್ಟೋವರೆಗೂ ಬಟ್ಟೆ ಮುಚ್ಚಿಟ್ಕೊಳ್ಳಿ. ಮನೇಲಿ ಪುಟ್ಟ ಮಗು ಇದೆ, ಆ ನೀರು ತಾಗಿದ್ರೆ ಮಗುಗೆ ಚಿಕನ್‌ಪಾಕ್ಸ್ ಬರಬಹುದು.

ಕೆಮ್ಮಣ್ಣು ಹಚ್ಚಿ, ಮಂತ್ರ ಹಾಕಿಸಿ, ಬೊಬ್ಬೆ ಮೈ ಸುತ್ತಿ ಬಂದು ತಲೆ ಬಾಲ ಕೂಡಿದ್ರೆ ಕಷ್ಟ ಅಂತ ಗ್ರೂಪಲ್ಲಿ ಬಂತಲ್ಲ, ಅದಕ್ಕೊಂದು ಮಾತು. ಒಂದೊಂದು ನರ ಬೆನ್ನಿಂದ ಹೊರಟು ಹೊಟ್ಟೆಯ ನಡುಗೆರೆವರೆಗೆ ಬಂದು ನಿಲ್ಲುತ್ತೆ, ಆ ಕಡೆಗೆ ಬೇರೆ ನರ. ಬೊಬ್ಬೆಯೂ ಅಲ್ಲೇ ನಿಲ್ಲುತ್ತೆ, ಮಣ್ಣು ಹಚ್ಚಿದ್ರೂ ಹಚ್ಚದಿದ್ರೂ. ನಾಟಿ ವೈದ್ಯರಿಗೆ ಹೆಸರು ಬರೋದು ಹೀಗೆ. ನಷ್ಟ ಆಗೋದು ಸಮಯ. ವೈರಸ್ ತಡೆಯೋ ಮಾತ್ರೆ ಬೊಬ್ಬೆ ಎದ್ದ 72 ಗಂಟೆಯೊಳಗೆ ಶುರುವಾದ್ರೆ ಚೆನ್ನ: ವ್ಯಾಲಸೈಕ್ಲೊವಿರ್ 1 ಗ್ರಾಂ ದಿನಕ್ಕೆ ಮೂರು ಸಲ, ಇಲ್ಲ ಅಸೈಕ್ಲೊವಿರ್ 800 ಮಿಲಿಗ್ರಾಂ ದಿನಕ್ಕೆ ಐದು ಸಲ, 7 ದಿನ. ಕಿಡ್ನಿ ತೊಂದರೆ ಇದ್ದವರಿಗೆ ಡೋಸ್ ಕಮ್ಮಿ ಮಾಡ್ಬೇಕು, ಅದಕ್ಕೇ ಡಾಕ್ಟ್ರಿಗೆ ತೋರಿಸದೆ ಅಂಗಡೀಲಿ ಕೊಂಡು ನುಂಗೋದು ಬೇಡ. ಒಂದೇ ಮಗ್ಗುಲಲ್ಲಿ ಪಟ್ಟಿ ಥರ ಉರಿ, ಮೇಲೆ ಗೊಂಚಲು ಬೊಬ್ಬೆ ಕಂಡ್ರೆ ಅವತ್ತೇ ಹೋಗಿ. ಹಣೆ, ಕಣ್ಣುರೆಪ್ಪೆ, ಮೂಗಿನ ತುದೀಲಿ ಎದ್ರೆ ಅದೇ ದಿನ ಕಣ್ಣಿನ ಡಾಕ್ಟ್ರು, ದೃಷ್ಟಿಗೇ ಅಪಾಯ. ಲಸಿಕೆ ಹಾಕಿಸ್ಕೊಂಡವರಿಗೂ ಇದೇ ನಿಯಮ.

"ಈ ಇಂಜೆಕ್ಷನ್ನಿಂದ ಮರೆವಿನ ಕಾಯಿಲೆ ಬರಲ್ಲ" ಅಂತ ಓಡಾಡ್ತಾ ಇರೋ ಫಾರ್ವರ್ಡ್ ಪೂರ್ತಿ ಸುಳ್ಳಲ್ಲ. ವೇಲ್ಸ್‌ನಲ್ಲಿ 1933ರ ಸೆಪ್ಟೆಂಬರ್ 2ಕ್ಕೋ ಆಮೇಲೋ ಹುಟ್ಟಿದವರಿಗೆ ಮಾತ್ರ ಲಸಿಕೆ ಕೊಟ್ರು, ಒಂದೆರಡು ವಾರ ಮುಂಚೆ ಹುಟ್ಟಿದವರಿಗೆ ಇಲ್ಲ. ಎರಡೂ ಗುಂಪು ಹೋಲಿಸಿದಾಗ ಲಸಿಕೆ ಪಡೆದವರಲ್ಲಿ ಏಳು ವರ್ಷದಲ್ಲಿ ಮರೆವಿನ ಕಾಯಿಲೆ ಶೇಕಡಾ 20ರಷ್ಟು ಕಮ್ಮಿ ಕಂಡಿತು, 2025ರಲ್ಲಿ ಪ್ರಕಟವಾಯ್ತು. ಆದ್ರೆ ಅದು ಹಳೇ ಜೀವಂತ ಲಸಿಕೆ. ಬಂದ್ರೆ ಲಾಭ ಅಂದ್ಕೊಳ್ಳಿ, ಅದಕ್ಕೋಸ್ಕರವೇ ದುಡ್ಡು ಕೊಡಬೇಡಿ.

ಮಗಳ ಹತ್ರ ಹೋದಾಗ ಅಲ್ಲೇ ಹಾಕಿಸ್ಕೊಳ್ಳೋಣ ಅನ್ನೋ ಯೋಚನೆ ಬಿಡಿ. ಪ್ರವಾಸಿ ಇನ್ಶೂರೆನ್ಸ್‌ನಲ್ಲಿ ಸಾಮಾನ್ಯವಾಗಿ ಲಸಿಕೆ ಬರಲ್ಲ, ಕೈಯಿಂದ ಕೊಟ್ರೆ ಇಲ್ಲಿಗಿಂತ ದುಬಾರಿ. ಮೊದಲನೇದು ಇಲ್ಲಾಗಿ ಎರಡನೇದು ಅಲ್ಲಿ ಬೀಳೋ ಹಾಗಾದ್ರೆ ತೊಂದರೆ ಇಲ್ಲ, ಅದೇ ಲಸಿಕೆ, ಲಸಿಕೆ ಕಾರ್ಡ್ ಮಾತ್ರ ಜೊತೇಲಿರಲಿ. ಸೋಮವಾರ ಬೆಳಿಗ್ಗೆ ನಿಮ್ಮ ಕೀಲಿನ ಡಾಕ್ಟ್ರಿಗೆ ಫೋನ್ ಮಾಡಿ, ಅವರು ಎಷ್ಟು ವಾರ ಅಂದ್ರು ಅಂತ ಇಲ್ಲಿ ಹಾಕಿ, ಎರಡನೇ ಡೋಸ್ ತಾರೀಖು ಲೆಕ್ಕ ಹಾಕಿ ಹೇಳ್ತೀನಿ.