ಪದಚರ್ಚೆ: ಹಳೆಯ ಆಟವನ್ನು ‘ಕೊಂಡೆ’ ಎನ್ನಬಹುದೇ? ಜೊತೆಗೆ ‘ನಕಲಿಸು’, ‘ಸ್ಥಾಪಿಸು’, ‘ಕೂರಿಸು’

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಒಂದು ವಾಕ್ಯವನ್ನು ತಿದ್ದಿಕೊಡಬೇಕೆಂದು ನನ್ನ ಅಕ್ಕನ ಮಗ ಕೇಳಿದ್ದಾನೆ. ವಾಕ್ಯ ಇದು: “ಆಟವನ್ನು ಮಳಿಗೆಯಿಂದ ಖರೀದಿಸಿ, ಪಿಎಸ್3ಗೆ ಡೌನ್‌ಲೋಡ್ ಮಾಡಿ, ಅಲ್ಲಿಂದ ಪಿಎಸ್‌ಪಿಗೆ ನಕಲಿಸಿ, ಸ್ಥಾಪಿಸಿ.” (ಪಿಎಸ್3, ಪಿಎಸ್‌ಪಿ ಎರಡೂ ಸೋನಿ ಕಂಪನಿಯ ಗೇಮ್ ಯಂತ್ರಗಳು. ಮೊದಲನೆಯದು ಟಿವಿಗೆ ಜೋಡಿಸುವಂಥದ್ದು, ಎರಡನೆಯದು ಕೈಯಲ್ಲಿ ಹಿಡಿದು ಆಡುವಂಥದ್ದು.) ಇಲ್ಲಿ ತುಮಕೂರಿನಲ್ಲಿ ಅವನೂ ಅವನ ಗೆಳೆಯರೂ, ಕೈಯಲ್ಲಿ ಹಿಡಿದು ಆಡುವ ಹಳೆಯ ಗೇಮ್ ಯಂತ್ರಗಳನ್ನು ಹುಡುಕಿ ತಂದು, ಉಬ್ಬಿದ ಬ್ಯಾಟರಿ ಬದಲಿಸಿ, ಸವೆದ ಗುಂಡಿ ತೆಗೆದು ಹೊಸದು ಹಾಕಿ ಆಡುತ್ತಾರೆ. ಹೊಸದಾಗಿ ಸೇರುವವರಿಗೆ ಕನ್ನಡದಲ್ಲಿ ಒಂದು ಕೈಪಿಡಿ ಇರಲಿ ಎಂಬುದು ಅವರ ಆಸೆ. ವಾಕ್ಯದ ವ್ಯಾಕರಣ ಸರಿಯಾಗಿಯೇ ಇದೆ. ಆದರೆ ನಾಲ್ಕು ಕ್ರಿಯಾಪದಗಳಲ್ಲಿ ಮೂರರ ಮೇಲೆ ನನಗೆ ತಕರಾರಿದೆ, ಮೊದಲನೆಯದರ ಮೇಲೆ ದೊಡ್ಡ ತಕರಾರು. ನಾನು ಪತ್ರ ಬರಹಗಾರ. ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರಗಳನ್ನು ಬರೆದು ಬದುಕುವವನು ‘ಖರೀದಿ’ ಎಂಬ ಪದವನ್ನು ಕಂಡೂ ಕಾಣದಂತೆ ದಾಟಿ ಹೋಗಲಾರ.

ಆಟದ ಲೋಕ ತಿಳಿಯದವರಿಗಾಗಿ ಸ್ವಲ್ಪ ಹಿನ್ನೆಲೆ. ಈ ಹುಡುಗರು ಮೆಚ್ಚಿಕೊಂಡಿರುವುದು ‘ಫೈನಲ್ ಫ್ಯಾಂಟಸಿ 7’ ಎಂಬ ಜಪಾನಿನ ಆಟವನ್ನು. 1997ರಲ್ಲಿ ಸೋನಿಯ ಮೊದಲ ಪ್ಲೇಸ್ಟೇಷನ್ ಯಂತ್ರಕ್ಕಾಗಿ ಮೂರು ಸಿಡಿಗಳಲ್ಲಿ ಬಂದದ್ದು. 2009ರಲ್ಲಿ ಸೋನಿಯ ಆನ್‌ಲೈನ್ ಮಳಿಗೆಯಲ್ಲಿ ಅದನ್ನು ಮತ್ತೆ ಬಿಡುಗಡೆ ಮಾಡಿದರು. ಜಪಾನಿನಲ್ಲಿ ಏಪ್ರಿಲ್‌ನಲ್ಲಿ, ಅಮೆರಿಕದಲ್ಲಿ ಜೂನ್ 2ರಂದು, 9.99 ಡಾಲರ್ ಬೆಲೆಗೆ. ಪಿಎಸ್3ರಲ್ಲೂ ಆಡಬಹುದು, ಜೇಬಿನಲ್ಲಿಟ್ಟುಕೊಳ್ಳುವ ಪಿಎಸ್‌ಪಿಯಲ್ಲೂ ಆಡಬಹುದು. ಮೂರು ಸಿಡಿಗಳ ಸರಕು ಒಂದೇ ಕಡತವಾಗಿ ಇಳಿಯುತ್ತದೆ, ಗಾತ್ರ ಒಂದು ಗಿಗಾಬೈಟ್‌ಗೂ ಮೇಲೆ. ಪಿಎಸ್‌ಪಿ ಮಾರುಕಟ್ಟೆಗೆ ಬಂದ ಹೊಸತರಲ್ಲಿ ಅದರ ಜೊತೆ ಕೊಡುತ್ತಿದ್ದ ಮೆಮೊರಿ ಸ್ಟಿಕ್ ಹಿಡಿಸುತ್ತಿದ್ದದ್ದು 32 ಮೆಗಾಬೈಟ್. ಅಂದರೆ ಆಟಕ್ಕೆ ಮೊದಲೇ ದೊಡ್ಡ ಕಾರ್ಡಿನ ಖರ್ಚು.

ಇಷ್ಟಾದ ಮೇಲೆ ಬರುತ್ತದೆ ಪಡಿಪಾಟಲು. 2021ರ ಜುಲೈನಲ್ಲಿ ಪಿಎಸ್‌ಪಿಯಲ್ಲೇ ಹಣ ಕೊಟ್ಟು ಆಟ ಪಡೆಯುವ ವ್ಯವಸ್ಥೆಯನ್ನು ಸೋನಿ ನಿಲ್ಲಿಸಿತು. ಪಿಎಸ್3 ಮತ್ತು ವೀಟಾ (ಪಿಎಸ್‌ಪಿಯ ನಂತರ ಬಂದ ಕೈಯಂತ್ರ) ಮಳಿಗೆಗಳನ್ನೂ ಮುಚ್ಚುವುದಾಗಿ ಅದೇ ವರ್ಷ ಹೇಳಿ, ಅಭಿಮಾನಿಗಳು ಗದ್ದಲ ಮಾಡಿದ ಮೇಲೆ ಏಪ್ರಿಲ್‌ನಲ್ಲಿ ಆ ಮಾತನ್ನು ಹಿಂದಕ್ಕೆ ಪಡೆಯಿತು. ಆದರೆ ಅಕ್ಟೋಬರ್‌ನಿಂದ ಆ ಹಳೆಯ ಮಳಿಗೆಗಳಲ್ಲಿ ಕ್ರೆಡಿಟ್ ಕಾರ್ಡ್ ನೇರವಾಗಿ ನಡೆಯದಂತಾಯಿತು, ಬೇರೆ ದಾರಿಯಿಂದ ಮಳಿಗೆಯ ಖಾತೆಯ ವಾಲೆಟ್‌ಗೆ ಹಣ ತುಂಬಿಕೊಂಡು ಬರಬೇಕು. ಪಿಎಸ್‌ಪಿಯ ವೈಫೈ ಕೂಡ ಮುದಿಯಾಗಿದೆ. ಮನೆಯ ರೌಟರ್‌ಗಳು ಇಂದು ಬಳಸುವ ಡಬ್ಲ್ಯೂಪಿಎ2 ಭದ್ರತೆಯ ಗುರುತೇ ಅದಕ್ಕೆ ಸಿಗುವುದಿಲ್ಲ. ಆದ್ದರಿಂದ ಆಟವನ್ನು ಪಿಎಸ್3ಗೆ ಇಳಿಸಿಕೊಂಡು, ಯುಎಸ್‌ಬಿ ಕೇಬಲ್ ಜೋಡಿಸಿ ಪಿಎಸ್‌ಪಿಗೆ ದಾಟಿಸುವ ಸುತ್ತುದಾರಿ. ಅಕ್ಕನ ಮಗನ ವಾಕ್ಯ ಹುಟ್ಟಿದ್ದು ಈ ಸುತ್ತುದಾರಿಯಿಂದ.

ಈಗ ‘ಖರೀದಿ’ಗೆ ಬರೋಣ. “ಮಾವ, ದುಡ್ಡು ಕೊಟ್ಟಿದ್ದೇವೆ, ಆಟ ಕೈಗೆ ಬಂದಿದೆ, ಇದು ಖರೀದಿಯಲ್ಲದೆ ಇನ್ನೇನು?” ಎಂಬುದು ಅವನ ಪ್ರಶ್ನೆ. ಸ್ವತ್ತು ವರ್ಗಾವಣೆ ಕಾಯ್ದೆ, 1882ರ 54ನೇ ಕಲಂ ಕ್ರಯವೆಂದರೆ ಏನೆಂದು ಹೇಳುತ್ತದೆ: ಬೆಲೆಗೆ ಪ್ರತಿಯಾಗಿ ಒಡೆತನದ ವರ್ಗಾವಣೆ. ಆ ಕಾಯ್ದೆ ಅಲ್ಲಿ ಮಾತಾಡುತ್ತಿರುವುದು ಜಮೀನು, ಮನೆಗಳ ಬಗ್ಗೆ, ಒಪ್ಪುತ್ತೇನೆ. ಆದರೆ ತಿರುಳು ಎಲ್ಲ ಕಡೆಗೂ ಒಂದೇ. ಬೆಲೆ ಕೊಟ್ಟ ಮಾತ್ರಕ್ಕೆ ಕ್ರಯವಾಗುವುದಿಲ್ಲ, ಒಡೆತನ ಕೈ ಬದಲಾಯಿಸಬೇಕು. ನಮ್ಮ ಹಳೆಯ ಕ್ರಯಪತ್ರಗಳು ಇದನ್ನು ಎಷ್ಟು ಬಿಡಿಸಿ ಹೇಳುತ್ತಿದ್ದವು ನೋಡಿ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗ ಸಹಿತವಾಗಿ, ಪುತ್ರಪೌತ್ರ ಪಾರಂಪರ್ಯವಾಗಿ, ದಾನ ವಿನಿಮಯ ವಿಕ್ರಯಗಳಿಗೆ ಯೋಗ್ಯರಾಗಿ ಅನುಭವಿಸಿಕೊಂಡು ಬರತಕ್ಕದ್ದು. ಇದನ್ನು ಆ ಆಟಕ್ಕೆ ಹೊಂದಿಸಿ ನೋಡಿದೆ. ನೆಲದಡಿಯ ನಿಧಿ ಬೇಡ, ಮುಂದೆ ಒದಗಿಬರುವ ‘ಆಗಾಮಿ’ಯನ್ನೂ ಬಿಡೋಣ. ದಾನ ಮಾಡಬಹುದೇ? ಇಲ್ಲ, ಆಟ ಖಾತೆಗೆ ಅಂಟಿಕೊಂಡಿದೆ. ವಿನಿಮಯ? ಇಲ್ಲ. ವಿಕ್ರಯ? ಇಲ್ಲವೇ ಇಲ್ಲ. ಎಷ್ಟು ಸಾಧನಗಳಲ್ಲಿ ಆಡಬಹುದು ಎನ್ನುವುದೂ ಕೊಂಡವನ ಕೈಯಲ್ಲಿಲ್ಲ. ಮೊದಲು ಐದು ಸಾಧನಗಳಿಗೆ ಅವಕಾಶವಿತ್ತು, 2011ರ ನವೆಂಬರ್‌ನಿಂದ ಮಾಡಿದ ಹೊಸ ಖರೀದಿಗಳಿಗೆ ಅದನ್ನು ಎರಡಕ್ಕೆ ಇಳಿಸಿದರು. ಹೊಲ ಮಾರಿದವನು ಬಂದು, ಮುಂದಿನ ಗಿರಾಕಿಗಳು ಎರಡು ಸಾಲನ್ನಷ್ಟೇ ಉಳಬೇಕು ಎಂದು ಬೋರ್ಡು ನೆಟ್ಟರೆ ನಮ್ಮ ತಾಲ್ಲೂಕು ಕಚೇರಿಯ ಮುಂದೆ ಏನಾಗುತ್ತದೆ ಎಂದು ಊಹಿಸಿಕೊಳ್ಳಿ.

ಅದೇ ಆಟದ 1997ರ ಸಿಡಿಗಳು ಸಿಕ್ಕರೆ ಮಾತು ಬೇರೆ. ಅವನ್ನು ಮಾರಬಹುದು, ಎರವಲು ಕೊಡಬಹುದು, ಅಡವಿಟ್ಟುಕೊಳ್ಳುವವರು ಸಿಕ್ಕರೆ ಅಡವಿಡಲೂಬಹುದು. ಆ ತಟ್ಟೆಗಳನ್ನು ಖರೀದಿಸಿದೆ ಎಂದರೆ ನಾನು ಸುಮ್ಮನಿರುತ್ತೇನೆ. ತಟ್ಟೆಗೂ ಇಳಿಸಿಕೊಂಡ ಕಡತಕ್ಕೂ ಒಂದೇ ಕ್ರಿಯಾಪದ ಸಾಲದು ಎಂಬುದೇ ನನ್ನ ಜಗಳದ ಮೂಲ.

ಈ ಜಗಳ ನನ್ನೊಬ್ಬನದೇ ಎಂದು ಹುಡುಗರು ನಕ್ಕರು. ಅಲ್ಲ. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2025ರ ಜನವರಿ 1ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ, ಕೊಡುತ್ತಿರುವುದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸದೆ ಡಿಜಿಟಲ್ ಸರಕಿನ ಮುಂದೆ ‘ಬೈ’, ‘ಪರ್ಚೇಸ್’ ಎಂಬ ಪದಗಳನ್ನು ಬಳಸುವಂತಿಲ್ಲ. ಒಂದು ಕ್ರಿಯಾಪದಕ್ಕಾಗಿ ಶಾಸನಸಭೆ ಕುಳಿತಿದೆ ಎಂದರೆ ನಮ್ಮ ಬಳಗಕ್ಕೆ ಹೆಮ್ಮೆಯಾಗಬೇಕು. ಅಕ್ಕನ ಮಗನೂ ಜಾಣ. ಆ ಕಾನೂನಿನಲ್ಲೇ ಒಂದು ವಿನಾಯಿತಿ ಇದೆ ಎಂದು ಹುಡುಕಿ ತಂದ. ಮಾರಿದವನು ಹಿಂದಕ್ಕೆ ಕಿತ್ತುಕೊಳ್ಳಲಾಗದಂತೆ, ಇಂಟರ್ನೆಟ್ ಇಲ್ಲದೆಯೂ ಶಾಶ್ವತವಾಗಿ ಬಳಸುವಂತೆ ಇಳಿಸಿಕೊಳ್ಳಲು ಬಿಟ್ಟರೆ ಈ ನಿಯಮ ಅನ್ವಯಿಸುವುದಿಲ್ಲ. ಪಿಎಸ್‌ಪಿಯ ಮೆಮೊರಿ ಸ್ಟಿಕ್‌ನಲ್ಲಿರುವ ಆಟ ಇಂಟರ್ನೆಟ್ ಇಲ್ಲದೆ ಓಡುತ್ತದೆ, ಹಾಗಾಗಿ ತನ್ನದು ಖರೀದಿಯೇ ಎಂದು ಅವನ ವಾದ. ಆ ಯಂತ್ರ ಕೆಟ್ಟ ದಿನ ಏನು ಮಾಡುತ್ತೀಯ ಎಂದು ಕೇಳಿದೆ. ಬೇರೆ ಪಿಎಸ್‌ಪಿಗೆ ದಾಟಿಸಬೇಕು, ಅದನ್ನು ಖಾತೆಯಲ್ಲಿ ಸಕ್ರಿಯಗೊಳಿಸಬೇಕು, ಅದಕ್ಕೆ ಸೋನಿಯ ಸರ್ವರ್ ಬದುಕಿರಬೇಕು. ಒಡೆತನ ಎಂದರೆ ಇಷ್ಟು ಬೇಕು ಬೇಕುಗಳಿರುವುದಿಲ್ಲ.

ಹಾಗಾದರೆ ಬೇರೆ ಪದ ಯಾವುದು? ನನ್ನ ಮೇಜಿನ ಮೇಲಿರುವ ಪದಗಳನ್ನೇ ಒಂದೊಂದಾಗಿ ತಿರುವಿ ಹಾಕಿದೆ. ಭೋಗ್ಯ ಎನ್ನಲಾಗದು. ಭೋಗ್ಯದಲ್ಲಿ ಅವಧಿ ಮುಗಿದ ಮೇಲೆ ಕೊಟ್ಟ ಹಣ ಹಿಂದಕ್ಕೆ ಬರಬೇಕು, 9.99 ಡಾಲರ್ ಹಿಂದಿರುಗಿದ ಸುದ್ದಿಯಿಲ್ಲ. ಗುತ್ತಿಗೆಗೆ ಅವಧಿ ಬೇಕು, ಬಾಡಿಗೆಗೆ ತಿಂಗಳು ಬೇಕು. ಉಳಿದದ್ದು ಪರವಾನಗಿ. ಅದೇ 1882ರಲ್ಲಿ ಬಂದ ಅನುಭೋಗ ಹಕ್ಕುಗಳ (ಈಸ್‌ಮೆಂಟ್ಸ್) ಕಾಯ್ದೆಯ 52ನೇ ಕಲಂ ಹೇಳುವ ಲೈಸೆನ್ಸ್ ಇದಕ್ಕೆ ಅಚ್ಚುಕಟ್ಟಾಗಿ ಹೊಂದುತ್ತದೆ: ಇನ್ನೊಬ್ಬರ ಸ್ವತ್ತಿನಲ್ಲಿ, ಅನುಮತಿ ಇಲ್ಲದಿದ್ದರೆ ತಪ್ಪಾಗುತ್ತಿದ್ದ ಕೆಲಸವನ್ನು ಮಾಡಲು ಕೊಟ್ಟ ಹಕ್ಕು. ಸ್ವತ್ತಿನಲ್ಲಿ ಪಾಲಿಲ್ಲ. 60ನೇ ಕಲಂ ಪ್ರಕಾರ ಕೊಟ್ಟವನು ಸಾಮಾನ್ಯವಾಗಿ ಅದನ್ನು ಹಿಂದಕ್ಕೂ ಪಡೆಯಬಹುದು. ಅರ್ಥದ ಮಟ್ಟಿಗೆ ಇದಕ್ಕಿಂತ ಸರಿಯಾದ ಪದವಿಲ್ಲ. ಆದರೆ “ಆಟಕ್ಕೆ ಪರವಾನಗಿ ಪಡೆದೆ” ಎಂದು ಯಾವ ಹುಡುಗ ಹೇಳುತ್ತಾನೆ? ಆಟ ಆಡಲು ಪೊಲೀಸ್ ಠಾಣೆಗೆ ಹೋಗಿ ಬಂದಂತೆ ಕೇಳಿಸುತ್ತದೆ.

ಆದ್ದರಿಂದ ‘ಕೊಳ್ಳು’ ಎಂಬ ನಮ್ಮದೇ ಕ್ರಿಯಾಪದದ ಕಡೆಗೆ ತಿರುಗಿದೆ. ಇದು ‘ಖರೀದಿ’ಯ ಹಾಗೆ ವ್ಯಾಪಾರಕ್ಕೇ ಹುಟ್ಟಿದ ಪದವಲ್ಲ. ಹಳಗನ್ನಡದ ‘ಕೊಳ್’ ಎಂದರೆ ಮೊದಲಿಗೆ ತೆಗೆದುಕೊಳ್ಳು, ಹಿಡಿ, ಸ್ವೀಕರಿಸು. ಬೆಲೆ ಕೊಟ್ಟು ತೆಗೆದುಕೊಳ್ಳುವುದು ಅದರ ಹಲವು ಅರ್ಥಗಳಲ್ಲಿ ಒಂದು. ‘ಕೊಳ್ಳೆ’ ಹೊಡೆಯುವುದೂ ಇದೇ ಬೇರಿನದು. ಕೋಲಾರ, ತುಮಕೂರು ಸೀಮೆಯ ಹೊಲಗಳಲ್ಲಿ, ಕೆರೆ ಏರಿಗಳ ಬಳಿ ನಿಂತಿರುವ ವೀರಗಲ್ಲುಗಳನ್ನು ನೋಡಿದವರಿಗೆ ‘ತುಱುಗೊಳ್’ ಎಂಬ ಮಾತು ಗೊತ್ತಿರುತ್ತದೆ. ದನಗಳನ್ನು ಹಿಡಿದುಕೊಂಡು ಹೋಗುವುದು. ಅಲ್ಲಿ ಯಾರೂ ಯಾರಿಗೂ ಹಣ ಎಣಿಸಿ ಕೊಡಲಿಲ್ಲ. ಇನ್ನು ‘ಇಳಿಸಿಕೊಳ್ಳು’, ‘ಮಾಡಿಕೊಳ್ಳು’ ಎನ್ನುವಾಗ ಅದೇ ‘ಕೊಳ್ಳು’ ತನಗಾಗಿ ಎಂಬ ಅರ್ಥವನ್ನಷ್ಟೇ ಹೊತ್ತು ಬಾಲವಾಗಿ ಕುಳಿತಿದೆ. ಇಷ್ಟು ಸಡಿಲವಾದ ಪದ ಆಟದ ಮಳಿಗೆಯ ಅರೆಬರೆ ಒಡೆತನವನ್ನು ಹೊರಬಲ್ಲದು ಎಂಬುದು ನನ್ನ ಅನಿಸಿಕೆ. ಜೊತೆಗೆ ನಮ್ಮ ಊರಿನಲ್ಲಿ ಹೆಚ್ಚಾಗಿ ಕೇಳುವ ಮಾತು ‘ಕೊಂಡೆ’ಯೂ ಅಲ್ಲ, ‘ತೆಗೆದುಕೊಂಡೆ’. ಮೊಬೈಲ್ ತೆಗೆದುಕೊಂಡೆ, ಸೈಟು ತೆಗೆದುಕೊಂಡೆ. ಬೆಲೆ ಕೊಟ್ಟದ್ದು ಸಂದರ್ಭದಿಂದ ತಿಳಿಯುತ್ತದೆ, ಒಡೆತನದ ಬಗ್ಗೆ ಕ್ರಿಯಾಪದ ಬಾಯಿ ಬಿಡುವುದಿಲ್ಲ. ಹೀಗಾಗಿ ನನ್ನ ಸಲಹೆ: ತಟ್ಟೆ, ಯಂತ್ರ, ಕಾರ್ಡುಗಳಿಗೆ ‘ಖರೀದಿಸು’. ಮಳಿಗೆಯ ಕಡತಕ್ಕೆ ‘ಹಣ ಕೊಟ್ಟು ತೆಗೆದುಕೊಳ್ಳು’. ಉದ್ದವಾಯಿತು ಎಂದು ಹುಡುಗರು ಮುಖ ಹಿಂಡುತ್ತಿದ್ದಾರೆ. ಚಿಕ್ಕದಿದ್ದರೆ ಬಳಗದವರು ಕೊಡಿ.

‘ನಕಲಿಸು’ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೋಂದಣಿ ಕಚೇರಿಯಲ್ಲಿ ‘ದೃಢೀಕೃತ ನಕಲು’ ಮರ್ಯಾದಸ್ಥ ಪದ. ಪರೀಕ್ಷಾ ಕೊಠಡಿಯಲ್ಲಿ ನಕಲು ಎಂದರೆ ಡಿಬಾರ್. ಗುಣವಾಚಕವಾಗಿ ‘ನಕಲಿ’ ಎಂದರಂತೂ ಖೋಟಾ. ಹಣ ಕೊಟ್ಟು ಶಿಸ್ತಾಗಿ ಆಟ ತಂದವನ ಕೈಪಿಡಿಯಲ್ಲಿ “ನಕಲಿಸಿ” ಎಂದು ಬರೆದರೆ ಓದುವವರು ಕಳ್ಳಪ್ರತಿ ಎಂದು ತಿಳಿಯುವ ಅಪಾಯವಿದೆ. ‘ದಾಟಿಸು’ ಸಾಕು.

‘ಸ್ಥಾಪಿಸು’ ನನಗೆ ಹಿಡಿಸುವುದಿಲ್ಲ. ಮಠ, ಸಂಸ್ಥೆ, ವಿಶ್ವವಿದ್ಯಾಲಯಗಳನ್ನು ಸ್ಥಾಪಿಸುತ್ತಾರೆ. ಸರ್ಕಾರಿ ಕಡತಗಳ ‘ಅನುಸ್ಥಾಪನೆ’ ಇನ್ನೂ ಒಂದು ಮೆಟ್ಟಿಲು ಮೇಲೆ ನಿಂತಿದೆ. ‘ಅಳವಡಿಸು’ ಒಳ್ಳೆಯ ಪದ, ಪತ್ರಿಕೆಗಳಲ್ಲಿ ಬೇರೂರಿದೆ. ಆದರೆ ಅದರಲ್ಲಿ ಒಂದನ್ನು ಇನ್ನೊಂದಕ್ಕೆ ಹೊಂದಿಸಿ ಜೋಡಿಸುವ ಭಾವ ಹೆಚ್ಚು. ಜನ ಹೇಳುವುದು ‘ಹಾಕಿಸು’. ಮೆಮೊರಿ ಕಾರ್ಡಿಗೆ ಹಾಡು ಹಾಕಿಸುತ್ತಿದ್ದ ಕಾಲದಿಂದ ಬಂದ ಪದ ಇದು. ಎಂ.ಜಿ. ರಸ್ತೆಯ ಮೊಬೈಲ್ ಅಂಗಡಿಗೆ ಕಾರ್ಡು ಕೊಟ್ಟು, ಹಾಕಿಸಿಕೊಂಡು ಬರುವುದು. ತೊಡಕು ಏನೆಂದರೆ ಅದು ಪ್ರೇರಣಾರ್ಥಕ, ಮಾಡುವವನು ಬೇರೊಬ್ಬ. ಈ ಹುಡುಗರಾದರೋ ಎಲ್ಲವನ್ನೂ ತಾವೇ ಮಾಡಿಕೊಳ್ಳುತ್ತಾರೆ, ಅದೇ ಅವರ ಹೆಚ್ಚುಗಾರಿಕೆ. ‘ಹಾಕಿಕೊಳ್ಳು’ ಎಂದರೆ ಅಂಗಿಯ ನೆನಪು ಬರುತ್ತದೆ. ನನ್ನ ಮನಸ್ಸು ‘ಕೂರಿಸು’ ಕಡೆಗಿದೆ. ಗ್ಯಾರೇಜಿನಲ್ಲಿ ಬೇರಿಂಗ್ ಕೂರಿಸುತ್ತಾರೆ, ಬಡಗಿ ಬಾಗಿಲು ಕೂರಿಸುತ್ತಾನೆ. ಎಂದರೆ ಇಟ್ಟದ್ದು ತನ್ನ ಜಾಗದಲ್ಲಿ ಅಲುಗದೆ ನಿಂತು ಕೆಲಸ ಮಾಡಬೇಕು. ಪಿಎಸ್‌ಪಿಯಲ್ಲೂ ಹಾಗೆಯೇ. ಕಡತ ಮೆಮೊರಿ ಸ್ಟಿಕ್‌ನಲ್ಲಿ ‘ಪಿಎಸ್‌ಪಿ’ ಎಂಬ ಫೋಲ್ಡರ್‌ನ ಒಳಗಿನ ‘ಗೇಮ್’ ಫೋಲ್ಡರ್‌ನಲ್ಲಿಯೇ ಇರಬೇಕು, ಬೇರೆ ಕಡೆ ಬಿದ್ದಿದ್ದರೆ ಯಂತ್ರದ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಇದು ಕೂರಿಸುವುದಲ್ಲದೆ ಮತ್ತೇನು?

ಇನ್ನೆರಡು ಚಿಲ್ಲರೆ ಸಂಗತಿ. ‘ಮತ್ತೆ ಬಿಡುಗಡೆ’ಗೆ ಸಿನಿಮಾದವರ ‘ಮರುಬಿಡುಗಡೆ’ ಸರಿಹೋಗುತ್ತದೆ, ಏಕೆಂದರೆ 2009ರಲ್ಲಿ ಬಂದದ್ದು ಹಳೆಯ ಆಟವೇ. ಆದರೆ 2020ರಲ್ಲಿ ಹೊಸದಾಗಿ ಕಟ್ಟಿದ ಆಟವೊಂದು ‘ರೀಮೇಕ್’ ಎಂಬ ಹೆಸರಿನಲ್ಲೇ ಬಂತು. ಕನ್ನಡಿಗರಿಗೆ ರೀಮೇಕ್ ಎಂದರೆ ಬೇರೆ ಭಾಷೆಯಿಂದ ತಂದ ಚಿತ್ರ, ಅದರ ಹಿಂದೆ ಅರ್ಧ ಶತಮಾನದ ಮುನಿಸು. ಕೈಪಿಡಿಯಲ್ಲಿ ಇದಕ್ಕೊಂದು ಅಡಿಟಿಪ್ಪಣಿ ಬೇಕಾದೀತು. ಎರಡನೆಯದು, ನಮ್ಮ ಕಡೆ ‘ವಿಡಿಯೋ ಗೇಮ್’ ಎಂದರೆ ಆಟವಲ್ಲ, ಯಂತ್ರ. ಟಿವಿಗೆ ಸಿಕ್ಕಿಸುತ್ತಿದ್ದ ಯಂತ್ರದೊಳಗೆ ತುರುಕುತ್ತಿದ್ದದ್ದು ‘ಕ್ಯಾಸೆಟ್’, ಅದರೊಳಗೆ ಟೇಪಿನ ಎಳೆಯೂ ಇಲ್ಲದಿದ್ದರೂ. ಜಾತ್ರೆಗಳಲ್ಲಿ ಕೊಡಿಸುತ್ತಿದ್ದ ಬ್ರಿಕ್ ಗೇಮ್‌ನಿಂದ ಹಿಡಿದು ಇಂದಿನ ಪಿಎಸ್‌ಪಿಯವರೆಗೆ ಕೈಯಲ್ಲಿ ಹಿಡಿಯುವ ಈ ಜಾತಿಗೆಲ್ಲ ಸೇರಿ ಒಂದು ಹೆಸರು ಯಾರ ಬಾಯಲ್ಲೂ ನಾನು ಕೇಳಿಲ್ಲ.

ತಿದ್ದಿದ ವಾಕ್ಯ ಸದ್ಯಕ್ಕೆ ಹೀಗಿದೆ: “ಆಟವನ್ನು ಮಳಿಗೆಯಿಂದ ಹಣ ಕೊಟ್ಟು ತೆಗೆದುಕೊಂಡು, ಪಿಎಸ್3ಗೆ ಇಳಿಸಿ, ಕೇಬಲ್ ಮೂಲಕ ಪಿಎಸ್‌ಪಿಗೆ ದಾಟಿಸಿ ಕೂರಿಸಿ.”

ಬಳಗದವರಲ್ಲಿ ಕೇಳುವುದು ಇಷ್ಟು. ಕಂಪ್ಯೂಟರ್ ಅಥವಾ ಮೊಬೈಲ್ ತಂತ್ರಾಂಶಕ್ಕೆ ‘ಕೂರಿಸು’ ಬಳಸಿದ್ದನ್ನು ಯಾರಾದರೂ ಕೇಳಿದ್ದೀರಾ, ಎಲ್ಲಿ? ಪಾವಗಡ, ಮುಳಬಾಗಿಲು, ಬಾಗೇಪಲ್ಲಿ ಕಡೆ ತೆಲುಗು ಬೆರೆತ ಮಾತಿನಲ್ಲಿ ಇದಕ್ಕೆ ಬೇರೆ ಕ್ರಿಯಾಪದವಿದೆಯೇ? ಬರೀ ಪದವನ್ನಲ್ಲ, ಕೇಳಿದ ವಾಕ್ಯವನ್ನೇ ಇಡಿಯಾಗಿ ಬರೆದು ಕಳುಹಿಸಿದರೆ ಉಪಕಾರ. ‘ಖರೀದಿ’ಯ ಪರವಾಗಿ ವಾದಿಸುವವರಿಗೂ ಸ್ವಾಗತ, ಆದರೆ ದಯವಿಟ್ಟು 54ನೇ ಕಲಂ ಒಮ್ಮೆ ಓದಿಕೊಂಡು ಬನ್ನಿ.

ಇಂತಿ,
ತುಮಕೂರಿನ ಒಬ್ಬ ಪತ್ರ ಬರಹಗಾರ